ಸೇತುವೆಯಾಚೆಗಿದ್ದ ಊರು

ಮೆರಮ್ಯಾಕ್ ನದಿಯ ಈ ದಡದಲ್ಲಿ ಮ್ಯೂಸಿಯಂ, ಆ ದಡದಲ್ಲಿ ಉದ್ಯಾನ. ನಡುವೆ ಸೇತುವೆಯೇನೋ ಇದೆ, ಆದರೆ ಅದರ ಮೇಲೆ ರಸ್ತೆ ಇಲ್ಲ. 1931–32ರಲ್ಲಿ ಕಟ್ಟಿದ ಸೇತುವೆ ಇದು. ಸುಮಾರು 1000 ಅಡಿ ಉದ್ದ. ಭಾರ ಹೊರುವ ಉಕ್ಕಿನ ತ್ರಿಕೋನಗಳನ್ನೆಲ್ಲ ರಸ್ತೆಯ ಕೆಳಗೇ ಹೆಣೆದಿದ್ದರಿಂದ, ಹಿಂದೆ ಇದರ ಮೇಲೆ ಕಾರಿನಲ್ಲಿ ಹೋಗುವವರಿಗೆ ನದಿ, ಆಕಾಶ ಎರಡೂ ಅಡ್ಡಿಯಿಲ್ಲದೆ ಕಾಣುತ್ತಿದ್ದವಂತೆ. 2009ರಲ್ಲಿ ವಾಹನ ಸಂಚಾರ ನಿಂತಿತು. ಆಮೇಲೆ ಮೇಲಿನ ಕಾಂಕ್ರೀಟ್ ಹಾಸನ್ನು ಕಳಚಿ ತೆಗೆದರು. ನಾನು ಹೋದಾಗ ಉಳಿದಿದ್ದದ್ದು ಕಂಬಗಳು ಮತ್ತು ತುಕ್ಕು ಹಿಡಿದ ಉಕ್ಕಿನ ಹಂದರ ಮಾತ್ರ.

ಅಮೆರಿಕದ ಮಿಸೌರಿ ರಾಜ್ಯದಲ್ಲಿರುವ ಈ ಜಾಗದ ಹೆಸರು ‘ರೂಟ್ 66 ಸ್ಟೇಟ್ ಪಾರ್ಕ್’. ಸೇಂಟ್ ಲೂಯಿಸ್‌ನಲ್ಲಿರುವ ಅಕ್ಕನ ಮನೆಯಿಂದ ಅರ್ಧ ಗಂಟೆಯ ದಾರಿ. ರೂಟ್ 66ರ ಬಗ್ಗೆ ನಮ್ಮ ಓದುಗರಿಗೆ ಹೆಚ್ಚು ಹೇಳಬೇಕಿಲ್ಲ. ಶಿಕಾಗೊದಿಂದ ಪೆಸಿಫಿಕ್ ದಡದ ಸಾಂತಾ ಮೋನಿಕಾವರೆಗೆ ಎಂಟು ರಾಜ್ಯಗಳನ್ನು ಹಾದು ಹೋಗುತ್ತಿದ್ದ ಸುಮಾರು 2400 ಮೈಲಿಯ ಹೆದ್ದಾರಿ. 1926ರ ನವೆಂಬರ್ 11ರಂದು ಅದಕ್ಕೆ 66ರ ಸಂಖ್ಯೆ ಬಿತ್ತು. 1930ರ ದಶಕದಲ್ಲಿ ಧೂಳಿನ ಬಿರುಗಾಳಿಗೆ ಹೊಲ ಕಳೆದುಕೊಂಡ ರೈತರು ಮನೆಮಂದಿ, ಹಾಸಿಗೆ, ಪಾತ್ರೆಗಳನ್ನು ಲಟಾರಿ ಗಾಡಿಗಳಲ್ಲಿ ಹೇರಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೋದದ್ದು ಇದೇ ದಾರಿಯಲ್ಲಿ. 1956ರ ಕಾಯ್ದೆಯಿಂದ ಅಂತರರಾಜ್ಯ ಮಹಾಹೆದ್ದಾರಿಗಳು ಬಂದವು, ಹಳೆಯ ದಾರಿ ತುಂಡುತುಂಡಾಯಿತು, 1985ರ ಜೂನ್ 27ರಂದು ಅದನ್ನು ಅಧಿಕೃತ ಪಟ್ಟಿಯಿಂದಲೇ ತೆಗೆದರು. ತೆಗೆದ ಮೇಲೆ ಪ್ರೀತಿ ಹೆಚ್ಚಾಯಿತು. 2026 ಅದರ ನೂರನೆಯ ವರ್ಷ.

ಮ್ಯೂಸಿಯಂ ಇರುವ ಕಟ್ಟಡ ಹಿಂದೆ ಬ್ರಿಜ್‌ಹೆಡ್ ಇನ್ ಎಂಬ ರಸ್ತೆಬದಿಯ ಹೋಟೆಲು. 1935ರಲ್ಲಿ ಕಟ್ಟಿದ್ದು. ನಡುವೆ ಕೆಲವು ವರ್ಷ ‘ಸ್ಟೈನೀಸ್ ಇನ್’ ಎಂಬ ಹೆಸರಿನಲ್ಲಿ ಊಟಕ್ಕೂ ಕುಣಿತಕ್ಕೂ ಪ್ರಸಿದ್ಧವಾಗಿತ್ತು. ಈಗ ಒಳಗೆ ಹಳೆಯ ಮೋಟೆಲುಗಳ ಫಲಕಗಳು, ಪೆಟ್ರೋಲ್ ಬಂಕಿನ ಸಾಮಾನುಗಳು, ಮಡಚುವ ನಕಾಶೆಗಳು, ಪೋಸ್ಟ್ ಕಾರ್ಡುಗಳು, ಕೊಳ್ಳುವವರಿಗೆ 66 ಎಂದು ಬರೆದ ಟೀ ಶರ್ಟುಗಳು. ಎಲ್ಲವನ್ನೂ ಅಕ್ಕರೆಯಿಂದ ಜೋಡಿಸಿಟ್ಟಿದ್ದಾರೆ. ನಾನೂ ಅಕ್ಕರೆಯಿಂದಲೇ ನೋಡಿದೆ. ಆದರೆ ಇದೇ ಕಟ್ಟಡ ಒಂದು ಕಾಲದಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಕಚೇರಿಯಾಗಿತ್ತು ಎಂದು ಓದಿದ ಮೇಲೆ ಮೋಟೆಲು ಫಲಕಗಳ ಮೇಲಿದ್ದ ಗಮನ ಹಾರಿಹೋಯಿತು. ಊಟದ ಹೋಟೆಲಿನಲ್ಲಿ ಅವರು ಕಚೇರಿ ತೆರೆದದ್ದು ನದಿಯಾಚೆಯ ಊರೊಂದನ್ನು ಪೂರ್ತಿ ಕೆಡವಿ, ಅದರ ಮಣ್ಣು ಸುಡಲು.

ಆ ಊರೇ ಟೈಮ್ಸ್ ಬೀಚ್. ಉದ್ಯಾನವಿರುವುದು ಅದರ ಮೇಲೆಯೇ.

ಸೇತುವೆಯ ಮೇಲೆ ಹಾಸು ಇಲ್ಲದ್ದರಿಂದ ಮತ್ತೆ ಕಾರು ಹತ್ತಿ, ಹಳೆಯ ದಾರಿಯನ್ನು ಮೂಲೆಗೆ ತಳ್ಳಿದ ಅದೇ 44ನೇ ಮಹಾಹೆದ್ದಾರಿಗೆ ಏರಿ, ನದಿ ದಾಟಿ, ಇಳಿದು ಬರಬೇಕು. ಆಚೆಗೆ 400ಕ್ಕೂ ಹೆಚ್ಚು ಎಕರೆ ಹುಲ್ಲು, ಮರ, ಕಾಲುದಾರಿ. ಜಿಂಕೆಗಳಿವೆ, ಕಾಡುಕೋಳಿಯಂಥ ಟರ್ಕಿಗಳಿವೆ. ಸೈಕಲ್ ತುಳಿಯುವವರು, ದೋಣಿ ಇಳಿಸುವವರು, ಕುದುರೆ ಸವಾರಿಯವರು. “ಇಷ್ಟೇನಾ?” ಎಂದಳು ಅಕ್ಕ. ಇಷ್ಟೇ. ಆದರೆ ನಡೆಯುತ್ತ ಹೋದಂತೆ ದಾರಿಗಳು ಕಾಡಿನ ದಾರಿಗಳಂತೆ ಬಳುಕುವುದಿಲ್ಲ ಎಂಬುದು ಗೊತ್ತಾಗುತ್ತದೆ. ನೇರ ಹೋಗುತ್ತವೆ, ಲಂಬವಾಗಿ ತಿರುಗುತ್ತವೆ, ಒಂದನ್ನೊಂದು ಅಡ್ಡ ಹಾಯುತ್ತವೆ. ಅವು ಊರಿನ ಬೀದಿಗಳು. ಮನೆಗಳನ್ನು ತೆಗೆದರೂ ಬೀದಿಗಳ ಲೆಕ್ಕಾಚಾರ ಅಳಿದಿಲ್ಲ.

ಊರು ಹುಟ್ಟಿದ್ದೂ ವಿಚಿತ್ರವಾಗಿ. 1925ರಲ್ಲಿ ಸೇಂಟ್ ಲೂಯಿಸ್‌ನ ‘ಟೈಮ್ಸ್’ ಪತ್ರಿಕೆ ಪ್ರಸಾರ ಹೆಚ್ಚಿಸಿಕೊಳ್ಳಲು ಒಂದು ಉಪಾಯ ಮಾಡಿತು: 67 ಡಾಲರ್ 50 ಸೆಂಟ್ ಕೊಟ್ಟವರಿಗೆ ಆರು ತಿಂಗಳ ಚಂದಾ, ಜತೆಗೆ ನದಿ ತೀರದಲ್ಲಿ 20x100 ಅಡಿಯ ನಿವೇಶನ. ಪತ್ರಿಕೆಯಲ್ಲಿ ಬರೆದು ಬದುಕುವ ನನಗೆ ಇದಕ್ಕಿಂತ ಸ್ವಾರಸ್ಯದ ಊರಹುಟ್ಟಿನ ಕತೆ ಸಿಕ್ಕಿಲ್ಲ. ಮರುವರ್ಷವೇ ಹೆದ್ದಾರಿಗೆ 66ರ ಸಂಖ್ಯೆ ಬಂತು. ನಗರದವರು ಬೇಸಿಗೆಯಲ್ಲಿ ಬಂದು ಇರಲೆಂದು ಕಟ್ಟಿಕೊಂಡ ಗುಡಿಸಲು ಮನೆಗಳಿಗೆ ಆರ್ಥಿಕ ಮುಗ್ಗಟ್ಟು ಮತ್ತು ಯುದ್ಧದ ವರ್ಷಗಳಲ್ಲಿ ಜನ ಕಾಯಂ ಆಗಿ ಬಂದು ನೆಲೆಸಿದರು. ನದಿಗೆ ಆಗಾಗ ನೆರೆ ಬರುತ್ತಿದ್ದುದರಿಂದ ಎಷ್ಟೋ ಮನೆಗಳು ಕಂಬಗಳ ಮೇಲೆ ನಿಂತಿದ್ದವು. 1970ರ ದಶಕದ ಹೊತ್ತಿಗೆ ಅದು 2000ದಷ್ಟು ಜನರಿದ್ದ, ಕೂಲಿ ಸಂಬಳದವರ ಊರು. ಒಳರಸ್ತೆಗಳಿಗೆ ಡಾಂಬರು ಹಾಕಿಸುವಷ್ಟು ಹಣ ಊರಿನ ಬಳಿ ಇರಲಿಲ್ಲ. ಬೇಸಿಗೆಯಲ್ಲಿ ಧೂಳೋ ಧೂಳು.

ಧೂಳು ಅಡಗಿಸಲು ಅಲ್ಲಿ ಆಗ ಎಲ್ಲರೂ ಮಾಡುತ್ತಿದ್ದ ಉಪಾಯ, ವಾಹನಗಳಿಂದ ಬಸಿದ ಹಳೆ ಎಣ್ಣೆಯನ್ನು ರಸ್ತೆಗೆ ಚಿಮುಕಿಸುವುದು. 1972ರಿಂದ ರಸೆಲ್ ಬ್ಲಿಸ್ ಎಂಬ ಎಣ್ಣೆ ಸಾಗಣೆದಾರ ಗ್ಯಾಲನ್‌ಗೆ 6 ಸೆಂಟ್‌ನಂತೆ ಟೈಮ್ಸ್ ಬೀಚಿನ ರಸ್ತೆಗಳಿಗೆ ಎಣ್ಣೆ ಹಾಕಿದ. ಅದರಲ್ಲಿ ಏನು ಬೆರೆತಿತ್ತು ಎಂಬುದು ಊರಿಗೆ ಗೊತ್ತಾಗಿದ್ದು ಹತ್ತು ವರ್ಷ ಕಳೆದ ಮೇಲೆ. ಆದರೆ ಗೊತ್ತಾಗಬಹುದಾಗಿದ್ದ ಒಂದು ದಾರಿ ಮೊದಲೇ ತೆರೆದಿತ್ತು. ನನ್ನನ್ನು ಅತ್ಯಂತ ಕಾಡಿದ್ದು ಅದೇ, ಆದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

1971ರ ಮೇ ತಿಂಗಳು. ಇಲ್ಲಿಂದ ಬಹಳ ದೂರವಲ್ಲದ ಮಾಸ್ಕೊ ಮಿಲ್ಸ್ ಎಂಬಲ್ಲಿ ಶೆನಂಡೋವಾ ಎಂಬ ಕುದುರೆ ಲಾಯ. ಕುದುರೆಗಳನ್ನು ಓಡಿಸುವ ಒಳಾಂಗಣದ ಧೂಳು ಅಡಗಿಸಲು ಒಡೆಯರು 150 ಡಾಲರ್ ಕೊಟ್ಟು ಬ್ಲಿಸ್‌ನಿಂದ ಎಣ್ಣೆ ಹಾಕಿಸಿದರು. ಕೆಲವೇ ದಿನಗಳಲ್ಲಿ ತೊಲೆಗಳ ಮೇಲಿದ್ದ ಹಕ್ಕಿಗಳು ಸತ್ತು ಬೀಳತೊಡಗಿದವು. ಕುದುರೆಗಳಿಗೆ ಹುಣ್ಣಾಯಿತು, ಕೂದಲು ಉದುರಿತು, ಮೇವು ತಿಂದರೂ ಒಣಗಿಹೋದವು. ಅರವತ್ತಕ್ಕೂ ಹೆಚ್ಚು ಕುದುರೆಗಳು ಸತ್ತವು, ಅಥವಾ ನೋವು ತಡೆಯಲಾರದೆ ಅವನ್ನು ಕೊಲ್ಲಬೇಕಾಯಿತು. ಒಡತಿಯ ಪುಟ್ಟ ಮಗಳು ಆಸ್ಪತ್ರೆ ಸೇರಿದಳು. ಎಣ್ಣೆಯೇ ಕಾರಣವೆಂದು ಲಾಯದವರಿಗೆ ಅನುಮಾನ; ಅದು ಬರೀ ಹಳೆ ಎಣ್ಣೆ ಎಂದು ಬ್ಲಿಸ್‌ನ ವಾದ.

ಆಗ ಆ ಒಡತಿ ಮಾಡಿದ್ದೇನು ಗೊತ್ತೇ? ತನ್ನ ಪಾಲುದಾರನ ಜತೆ ಕಾರಿನಲ್ಲಿ ಕುಳಿತು, ಒಂದು ವರ್ಷಕ್ಕೂ ಹೆಚ್ಚು ಕಾಲ ಬ್ಲಿಸ್‌ನ ಟ್ಯಾಂಕರುಗಳ ಬೆನ್ನು ಹತ್ತಿದಳು. ಯಾವ ಕಾರ್ಖಾನೆಯಿಂದ ತುಂಬಿಸಿಕೊಂಡರು, ಎಲ್ಲೆಲ್ಲಿ ಸುರಿದರು, ಎಲ್ಲವನ್ನೂ ಬರೆದಿಟ್ಟು ಅಧಿಕಾರಿಗಳಿಗೆ ಕಳಿಸಿದಳು. ಮಣ್ಣನ್ನು ಪರೀಕ್ಷಿಸಿದ ಕೇಂದ್ರ ಸರ್ಕಾರದ ರೋಗ ನಿಯಂತ್ರಣ ಕೇಂದ್ರ 1974ರಲ್ಲಿ ಅದರಲ್ಲಿದ್ದ ವಿಷವನ್ನು ಗುರುತಿಸಿತು: ಡೈಆಕ್ಸಿನ್. ಮಿಸೌರಿಯ ವೆರೋನಾದಲ್ಲಿ ನೆಪಾಕೊ ಎಂಬ ಕಂಪನಿ ಹೆಕ್ಸಾಕ್ಲೋರೊಫೀನ್ ಎಂಬ ಕ್ರಿಮಿನಾಶಕವನ್ನು ತಯಾರಿಸುತ್ತಿತ್ತು. ಸೋಪಿನಲ್ಲಿ ಬೆರೆಸುವ ವಸ್ತು ಅದು. ತಯಾರಿಕೆಯಲ್ಲಿ ಉಳಿದ ಚರಟವೇ ಈ ವಿಷ. ಅದನ್ನು ವಿಲೇವಾರಿ ಮಾಡಲು ನೆಪಾಕೊ ಮತ್ತೊಂದು ಕಂಪನಿಗೆ ಲೋಡಿಗೆ 3000 ಡಾಲರ್ ಕೊಡುತ್ತಿತ್ತು. ಆ ಕಂಪನಿ ಅದೇ ಕೆಲಸವನ್ನು ಬ್ಲಿಸ್‌ಗೆ ಒಪ್ಪಿಸಿ ಕೊಟ್ಟದ್ದು ಲೋಡಿಗೆ 125 ಡಾಲರ್. ವಿಷವೆಂದು ತನಗೆ ಗೊತ್ತೇ ಇರಲಿಲ್ಲ ಎಂದು ಬ್ಲಿಸ್ ಕೊನೆಯವರೆಗೂ ಹೇಳುತ್ತ ಬಂದ. 3000ಕ್ಕೂ 125ಕ್ಕೂ ನಡುವಿನ ಆ ಅಂತರದಲ್ಲೇ ಇಡೀ ಅನಾಹುತ ಅಡಗಿದೆ ಎಂದು ನನಗನ್ನಿಸುತ್ತದೆ. ಸರಿಯಾಗಿ ವಿಲೇವಾರಿ ಮಾಡಲು ತಗಲುವ ಹಣ ಕೈ ಬದಲಾಗುತ್ತ ಕರಗಿತು. ಕೊನೆಗೆ ವಿಷ ಬಡವರ ರಸ್ತೆಗೆ ಬಂತು.

1974ರಲ್ಲೇ ಗೊತ್ತಾದರೂ ರಾಜ್ಯದ ಅಧಿಕಾರಿಗಳು ಮಣ್ಣು ತೆಗೆಸಲಿಲ್ಲ. ಡೈಆಕ್ಸಿನ್ ಮಣ್ಣಿನಲ್ಲಿ ವರ್ಷಕ್ಕೆ ಅರ್ಧದಷ್ಟು ತಾನಾಗಿಯೇ ನಾಶವಾಗುತ್ತದೆಂಬ ಆಗಿನ ನಂಬಿಕೆ ಅದಕ್ಕೆ ಕಾರಣ. ಅದು ಹಾಗೆ ನಾಶವಾಗುವುದಿಲ್ಲ. ಹೆಂಗಸೊಬ್ಬಳು ಟ್ಯಾಂಕರುಗಳ ಹಿಂದೆ ಅಲೆದು ಕೂಡಿಸಿದ ಪಟ್ಟಿ ಸರ್ಕಾರದ ಕೈಯಲ್ಲಿದ್ದಾಗಲೇ ಟೈಮ್ಸ್ ಬೀಚಿನ ಮಕ್ಕಳು ಆ ರಸ್ತೆಗಳಲ್ಲಿ ಆಡುತ್ತಿದ್ದರು. ಇಂದು ಅದೇ ನೆಲದಲ್ಲಿ ಕುದುರೆ ಸವಾರಿಗೆ ಹಾದಿ ಮಾಡಿಕೊಟ್ಟಿದ್ದಾರೆ. ಎದುರಿಗೆ ಬಂದ ಕಂದು ಕುದುರೆಗೆ ದಾರಿ ಬಿಟ್ಟು ನಿಂತಾಗ ನನಗೆ ಆ ಲಾಯದ ಕುದುರೆಗಳ ಹೊರತು ಬೇರೇನೂ ನೆನಪಾಗಲಿಲ್ಲ.

1982ರ ಕೊನೆಗೆ ಪರಿಸರ ಸಂಸ್ಥೆಯವರು ರಕ್ಷಾ ಕವಚ ತೊಟ್ಟು ಊರಿನ ಮಣ್ಣಿನ ಮಾದರಿ ತೆಗೆದುಕೊಂಡರು. ಅದಾದ ಕೆಲವೇ ದಿನಗಳಲ್ಲಿ, ಡಿಸೆಂಬರ್ 5ರಂದು, ಮೆರಮ್ಯಾಕ್‌ಗೆ ಊರು ಹಿಂದೆ ಕಾಣದಂಥ ನೆರೆ ಬಂತು. ಜನ ಕೆಸರು ಬಳಿದು ಮನೆಗಳನ್ನು ಸರಿಮಾಡಿಕೊಳ್ಳುತ್ತಿರುವಾಗ ಪರೀಕ್ಷೆಯ ಫಲಿತಾಂಶ ಬಂತು. ಡಿಸೆಂಬರ್ 23ರಂದು, ಕ್ರಿಸ್ಮಸ್‌ಗೆ ಎರಡು ದಿನ ಇರುವಾಗ, ಊರಿಗೆ ಮರಳಬೇಡಿ ಎಂಬ ಸಲಹೆ ಹೊರಬಿತ್ತು. 1983ರ ಫೆಬ್ರುವರಿಯಲ್ಲಿ ಸರ್ಕಾರ 3 ಕೋಟಿ ಡಾಲರ್‌ಗೂ ಹೆಚ್ಚು ವೆಚ್ಚದಲ್ಲಿ ಇಡೀ ಊರನ್ನು ಕೊಂಡುಕೊಳ್ಳುವುದಾಗಿ ಘೋಷಿಸಿತು. 1985ರಲ್ಲಿ ಟೈಮ್ಸ್ ಬೀಚ್ ಎಂಬ ಪುರಸಭೆಯೇ ರದ್ದಾಯಿತು. ಹೆದ್ದಾರಿಯನ್ನು ಪಟ್ಟಿಯಿಂದ ತೆಗೆದದ್ದೂ ಅದೇ ವರ್ಷ. ಒಂದು ವರ್ಷದ ಅಂತರದಲ್ಲಿ ಹುಟ್ಟಿದ ಊರು ಮತ್ತು ದಾರಿ ಒಂದೇ ವರ್ಷ ನಕಾಶೆಯಿಂದ ಮರೆಯಾದವು.

ಆಮೇಲಿನದು ಸುಡುವ ಕೆಲಸ. ಊರಿನಲ್ಲೇ ದೊಡ್ಡ ಕುಲುಮೆ ಕಟ್ಟಿ, ಇಲ್ಲಿಯದಲ್ಲದೆ ಬ್ಲಿಸ್ ಎಣ್ಣೆ ಹಾಕಿದ್ದ ಪೂರ್ವ ಮಿಸೌರಿಯ ಇತರ ಜಾಗಗಳ ಮಣ್ಣನ್ನೂ ತಂದು, 1996ರ ಮಾರ್ಚ್‌ನಿಂದ 1997ರ ಜೂನ್‌ವರೆಗೆ 2,65,000 ಟನ್ ಸುಟ್ಟರು. ಹೊಗೆಯಲ್ಲಿ ವಿಷ ಮತ್ತೆ ಹೊರಬರುತ್ತದೆಂದು ಸುತ್ತಲಿನವರು ಗಟ್ಟಿಯಾಗಿ ವಿರೋಧಿಸಿದ್ದರು. ಭೋಪಾಲದ ಕಾರ್ಖಾನೆಯ 337 ಟನ್ ತ್ಯಾಜ್ಯವನ್ನು ಪೀಥಂಪುರಕ್ಕೆ ಒಯ್ದು 2025ರಲ್ಲಿ ಸುಟ್ಟಾಗ ಅಲ್ಲಿನ ಜನ ಹೇಳಿದ್ದೂ ಇದನ್ನೇ. ಟೈಮ್ಸ್ ಬೀಚಿನಲ್ಲಿ ವಿಷ ಸುರಿದದ್ದಕ್ಕೂ ಸುಟ್ಟದ್ದಕ್ಕೂ ನಡುವೆ ಇಪ್ಪತ್ತು ವರ್ಷಕ್ಕೂ ಹೆಚ್ಚು, ಭೋಪಾಲಕ್ಕೆ ನಲವತ್ತು. ಕುಲುಮೆಯನ್ನು ಕಳಚಿ, ನೆಲವನ್ನು ರಾಜ್ಯಕ್ಕೆ ಒಪ್ಪಿಸಿ, 1999ರಲ್ಲಿ ಉದ್ಯಾನ ತೆರೆದರು. 2001ರಲ್ಲಿ ವಿಷಪೂರಿತ ಜಾಗಗಳ ರಾಷ್ಟ್ರೀಯ ಪಟ್ಟಿಯಿಂದ ಅದರ ಹೆಸರನ್ನು ತೆಗೆದರು. 2012ರಲ್ಲಿ ಮಣ್ಣನ್ನು ಮತ್ತೆ ಪರೀಕ್ಷಿಸಿ ಅಪಾಯವಿಲ್ಲವೆಂದರು.

ಹಾಗಾದರೆ ಆ ಭಯವೆಲ್ಲ ಅತಿಯಾಯಿತೇ? ಊರು ಬಿಡಿಸಲು ಸಲಹೆ ಮಾಡಿದ್ದ ರೋಗ ನಿಯಂತ್ರಣ ಕೇಂದ್ರದ ಡಾ. ವರ್ನನ್ ಹೌಕ್ ಅವರೇ 1991ರಲ್ಲಿ, ಈಗಿನ ತಿಳಿವಳಿಕೆಯಲ್ಲಾದರೆ ಅಂಥ ಸಲಹೆ ಬೇಕಿರಲಿಲ್ಲ ಎಂಬ ಅರ್ಥದಲ್ಲಿ ಮಾತಾಡಿದರು. ಊರು ಖಾಲಿ ಮಾಡಿಸಿದ್ದೇ ತಪ್ಪು ಎನ್ನುವವರು ಇಂದಿಗೂ ಈ ಮಾತನ್ನೇ ಹಿಡಿದುಕೊಳ್ಳುತ್ತಾರೆ. ನನಗೆ ಆ ವಾದ ಒಪ್ಪಿಗೆಯಾಗುವುದಿಲ್ಲ. 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಡೈಆಕ್ಸಿನ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದೂ ಅಲ್ಲದೆ, ಮನೆಯ ಅಂಗಳದಲ್ಲಿ ಏನಿದೆ ಎಂದು ಹತ್ತು ವರ್ಷ ಯಾರೂ ಹೇಳದ ಜನರಿಗೆ, ಆಮೇಲೆ ಇನ್ಯಾರೋ ಬಂದು ನೀವು ಹೆದರಬೇಕಾಗಿರಲಿಲ್ಲ ಎನ್ನುವುದು ಎಷ್ಟು ಸುಲಭ!

ಉದ್ಯಾನದ ನಡುವೆ ಉದ್ದವಾದ ಒಂದು ದಿಬ್ಬವಿದೆ. ಹುಲ್ಲು ಬೆಳೆದು ಸಹಜವಾಗಿಯೇ ಕಾಣುತ್ತದೆ. ಸುತ್ತ ಎಲ್ಲವೂ ನದಿ ಬಯಲಿನ ಸಮತಟ್ಟು ನೆಲವಾದ್ದರಿಂದ, ಗಮನಿಸುವವರಿಗೆ ಮಾತ್ರ ಅದು ಬೇರೆಯೆಂದು ತಿಳಿಯುತ್ತದೆ. ಕೆಡವಿದ ಮನೆಗಳನ್ನು ಹೂತಿರುವುದು ಅದರೊಳಗೆ. ಗೋಡೆ, ಛಾವಣಿ, ನೆರೆಗೆ ನೆನೆದ ಕುರ್ಚಿ ಮಂಚ, ಕ್ರಿಸ್ಮಸ್‌ಗೆ ತಂದಿಟ್ಟಿದ್ದ ಸಾಮಾನು, ಜನ ಹಿಂದಿರುಗಿ ಬಂದು ಎತ್ತಿಕೊಳ್ಳಲಾಗದ್ದೆಲ್ಲ ಅಲ್ಲಿದೆ. ನಾನು ನಿಂತಿದ್ದ ಬದಿಯಲ್ಲಿ ಅದನ್ನು ತಿಳಿಸುವ ಫಲಕ ಕಣ್ಣಿಗೆ ಬೀಳಲಿಲ್ಲ. ಭಾವ ಫೋನಿನಲ್ಲಿ ಹಳೆಯ ಬೀದಿಗಳ ನಕಾಶೆ ಹುಡುಕಿ, ನಾವು ಯಾರ ಮನೆಯ ಮುಂದೆ ನಿಂತಿರಬಹುದೆಂದು ಲೆಕ್ಕ ಹಾಕುತ್ತಿದ್ದರು.

ಮ್ಯೂಸಿಯಂನಲ್ಲಿ ಟೈಮ್ಸ್ ಬೀಚಿನ ಕತೆಗೂ ಜಾಗವಿದೆ, ಇಲ್ಲವೆನ್ನಲಾರೆ. ಆದರೆ ಹೊರಗೆ ಬೋರ್ಡಿನ ಮೇಲಿರುವ ಹೆಸರು ಹೆದ್ದಾರಿಯದು. ಹೆದ್ದಾರಿಯನ್ನು ನೆನೆಯಲು ಎಂಟು ರಾಜ್ಯಗಳ ಉದ್ದಕ್ಕೂ ನೂರಾರು ಜಾಗಗಳಿವೆ: ಮರಳಿ ಬೆಳಗಿಸಿದ ನಿಯಾನ್ ದೀಪಗಳು, ದುರಸ್ತಿಯಾದ ಮೋಟೆಲುಗಳು, ಸೇಂಟ್ ಲೂಯಿಸ್‌ನ ಸಾರಿಗೆ ಮ್ಯೂಸಿಯಂನಲ್ಲಿ ಇಟ್ಟಿಗೆ ಇಟ್ಟಿಗೆ ಬಿಚ್ಚಿ ಮರುಜೋಡಿಸಿದ ಕೋರಲ್ ಕೋರ್ಟ್ ಮೋಟೆಲಿನ ಒಂದು ಭಾಗ ಕೂಡ. ಟೈಮ್ಸ್ ಬೀಚಿಗೆ ಇರುವುದು ಇದೊಂದೇ ನೆಲ. ಶತಮಾನೋತ್ಸವಕ್ಕೆ ಹಣ ಬರುವ ಈ ಕಾಲದಲ್ಲಿ ಸೇತುವೆಗೆ ಮತ್ತೆ ಹಾಸು ಹಾಕಿ, ಮ್ಯೂಸಿಯಂನಿಂದ ಊರಿಗೆ ನಡೆದೇ ಹೋಗುವಂತೆ ಮಾಡಬೇಕು. ಈಗ ಮ್ಯೂಸಿಯಂ ನೋಡಿದ ಹೆಚ್ಚಿನವರು ಟೀ ಶರ್ಟು ಕೊಂಡು ಅಲ್ಲಿಂದಲೇ ಹೊರಟುಬಿಡುತ್ತಾರೆ. ದಾಟಿ ಬಂದವರಿಗೆ ಕಾಣುವಂತೆ ಪ್ರತಿ ತಿರುವಿನಲ್ಲೂ ಹಳೆಯ ಬೀದಿಯ ಹೆಸರು, ದಿಬ್ಬದ ಬುಡದಲ್ಲಿ ಅದರೊಳಗೇನಿದೆ ಎಂಬ ಮಾತು ಬರೆಸಬೇಕು. ಕುದುರೆಗಳ ಹಾದಿ ಶುರುವಾಗುವ ಕಡೆ ಶೆನಂಡೋವಾ ಲಾಯದ ಕತೆಯನ್ನೂ, ಟ್ಯಾಂಕರುಗಳ ಬೆನ್ನು ಹತ್ತಿದ ಅದರ ಒಡತಿಯ ಹೆಸರನ್ನೂ ಬರೆಸಬೇಕು.