ಕಾರವಾರಕ್ಕೆ ಬಂದ ಹಡಗಿನ ಬೆಲೆ

ಯುದ್ಧನೌಕೆ ಕೊಳ್ಳುವ ಒಪ್ಪಂದವಾದ ದಿನ ಪ್ರಕಟವಾಗುವ ಮೊತ್ತಕ್ಕೂ, ಆ ನೌಕೆ ಬಂದರಿಗೆ ಬಂದು ನಿಲ್ಲುವ ಹೊತ್ತಿಗೆ ದೇಶ ತೆತ್ತಿರುವ ಹಣಕ್ಕೂ ಬಹಳ ಅಂತರವಿರುತ್ತದೆ. ಒಂದು ದೊಡ್ಡ ನೌಕೆಯ ಯೋಚನೆ ಹುಟ್ಟಿ ಅದು ಸೇವೆಗೆ ಸೇರುವವರೆಗೆ ಹದಿನೈದು, ಇಪ್ಪತ್ತು ವರ್ಷಗಳು ಹಿಡಿಯುತ್ತವೆ. ಅಷ್ಟರಲ್ಲಿ ಮೂರು ನಾಲ್ಕು ಸರ್ಕಾರಗಳು ಬದಲಾಗುತ್ತವೆ, ರೂಪಾಯಿಯ ಮೌಲ್ಯ ಕುಸಿಯುತ್ತದೆ, ಮಾರುವ ದೇಶದ ಪರಿಸ್ಥಿತಿಯೂ ಬೇರೆಯಾಗುತ್ತದೆ. ಈ ಅಂತರ ಹೇಗೆ ಬೆಳೆಯುತ್ತದೆಂದು ತಿಳಿಯಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಉತ್ತರ ಕನ್ನಡದ ಕಾರವಾರದಲ್ಲಿರುವ ಕದಂಬ ನೌಕಾನೆಲೆ ಮತ್ತು ಅದನ್ನೇ ಮನೆ ಮಾಡಿಕೊಂಡಿರುವ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯ, ಎರಡೂ ಇದರ ಸ್ಪಷ್ಟ ನಿದರ್ಶನಗಳು.

ಗೋರ್ಷ್ಕೋವ್‌ನಿಂದ ವಿಕ್ರಮಾದಿತ್ಯಕ್ಕೆ

ವಿಕ್ರಮಾದಿತ್ಯ ಹುಟ್ಟಿದ್ದು ಸೋವಿಯತ್ ಒಕ್ಕೂಟದಲ್ಲಿ. 1987ರಲ್ಲಿ ‘ಬಾಕು’ ಎಂಬ ಹೆಸರಿನಿಂದ ಸೇವೆಗೆ ಸೇರಿದ ಈ ನೌಕೆಗೆ ಮುಂದೆ ‘ಅಡ್ಮಿರಲ್ ಗೋರ್ಷ್ಕೋವ್’ ಎಂದು ಮರುನಾಮಕರಣವಾಯಿತು. ಒಕ್ಕೂಟ ಒಡೆದ ಮೇಲೆ ರಷ್ಯಾಕ್ಕೆ ಇಂಥ ನೌಕೆಯನ್ನು ಸಾಕುವ ಶಕ್ತಿ ಉಳಿಯಲಿಲ್ಲ. 1994ರಲ್ಲಿ ಬಾಯ್ಲರ್ ಕೋಣೆಯಲ್ಲಿ ಅವಘಡವಾಯಿತು, 1996ರಲ್ಲಿ ನೌಕೆ ನಿವೃತ್ತವಾಯಿತು.

ಅದೇ ಹೊತ್ತಿಗೆ ಭಾರತಕ್ಕೆ ವಿಮಾನವಾಹಕ ನೌಕೆಯೊಂದು ತುರ್ತಾಗಿ ಬೇಕಿತ್ತು. 1961ರಿಂದ ಸೇವೆಯಲ್ಲಿದ್ದ ಮೊದಲ ವಿಕ್ರಾಂತ್ 1997ರಲ್ಲಿ ನಿವೃತ್ತವಾಯಿತು. ಬ್ರಿಟನ್ನಿನಿಂದ ಕೊಂಡು 1987ರಲ್ಲಿ ಸೇರಿಸಿಕೊಂಡಿದ್ದ ವಿರಾಟ್ ಕೂಡ ಹಳೆಯ ಹಡಗೇ. ಹೊಸದನ್ನು ಕಟ್ಟಲು ದಶಕಗಳೇ ಬೇಕು. ಆಗ ರಷ್ಯಾ ಮುಂದಿಟ್ಟ ಪ್ರಸ್ತಾವ ಆಕರ್ಷಕವಾಗಿತ್ತು: ಹಡಗಿನ ಒಡಲು ಉಚಿತ; ಅದನ್ನು ನವೀಕರಿಸುವ ವೆಚ್ಚ ಮತ್ತು ಅದರ ಮೇಲೆ ಹಾರುವ ವಿಮಾನಗಳ ಬೆಲೆಯನ್ನಷ್ಟೇ ಭಾರತ ಕೊಡಬೇಕು.

ವರ್ಷಗಳ ಮಾತುಕತೆಯ ನಂತರ 2004ರ ಜನವರಿ 20ರಂದು ಒಪ್ಪಂದವಾಯಿತು. ಆಗ ಅಟಲ್ ಬಿಹಾರಿ ವಾಜಪೇಯಿ ಪ್ರಧಾನಿ, ಮಂಗಳೂರಿನಲ್ಲಿ ಹುಟ್ಟಿ ಬೆಳೆದ ಜಾರ್ಜ್ ಫರ್ನಾಂಡಿಸ್ ರಕ್ಷಣಾ ಸಚಿವರು. ನವೀಕರಣಕ್ಕೆ ನಿಗದಿಯಾದ ಮೊತ್ತ 97.4 ಕೋಟಿ ಡಾಲರ್. 2008ರಲ್ಲಿ ನೌಕೆ ಭಾರತದ ಕೈಸೇರಬೇಕಿತ್ತು. ನಾಲ್ಕೇ ತಿಂಗಳಲ್ಲಿ ಕೇಂದ್ರದಲ್ಲಿ ಸರ್ಕಾರ ಬದಲಾಯಿತಾದರೂ ಮನಮೋಹನ್ ಸಿಂಗ್ ಸರ್ಕಾರ ಒಪ್ಪಂದವನ್ನು ಮುಂದುವರಿಸಿತು.

ತೊಡಕು ಶುರುವಾದದ್ದು ಸೆವೆರೊದ್ವಿನ್ಸ್ಕ್ ನಗರದ ಸೆವ್‌ಮಾಶ್ ಹಡಗುಕಟ್ಟೆಯಲ್ಲಿ. ಹಳೆಯ ಮನೆಯ ಹೆಂಚು ಇಳಿಸಿದ ಮೇಲೆಯೇ ತೊಲೆಗೆ ಎಷ್ಟು ಗೆದ್ದಲು ಹತ್ತಿದೆ ಎಂದು ತಿಳಿಯುವಂತೆ, ನೌಕೆಯನ್ನು ಬಿಚ್ಚಿದ ಮೇಲೆಯೇ ಕೆಲಸದ ನಿಜವಾದ ಗಾತ್ರ ಗೊತ್ತಾಯಿತು. ಮುಂಭಾಗದ ಕ್ಷಿಪಣಿ ಉಡಾವಣಾ ವ್ಯವಸ್ಥೆಯನ್ನೆಲ್ಲ ಕಿತ್ತು ವಿಮಾನಗಳು ಜಿಗಿದೇಳಲು ಏರುದಾರಿ ಕಟ್ಟಬೇಕಿತ್ತು. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದದ ವಿದ್ಯುತ್ ಕೇಬಲ್ ಹೊಸದಾಗಿ ಎಳೆಯಬೇಕಾಯಿತು. ಮೊದಲ ಅಂದಾಜಿನಲ್ಲಿ ಇವಕ್ಕೆಲ್ಲ ಸಾಕಷ್ಟು ಜಾಗವೇ ಇರಲಿಲ್ಲ. 2007ರಲ್ಲಿ ರಷ್ಯಾ ವಿಳಂಬವನ್ನು ಒಪ್ಪಿಕೊಂಡು ಹೆಚ್ಚುವರಿ ಹಣ ಕೇಳಿತು.

ಭಾರತಕ್ಕೆ ಆಗ ಹಿಂದೆ ಸರಿಯುವ ದಾರಿ ಇರಲಿಲ್ಲ. ಕಂತುಗಳಲ್ಲಿ ದೊಡ್ಡ ಮೊತ್ತ ಸಂದಾಯವಾಗಿತ್ತು, ನೌಕೆಗೆಂದೇ ಮಿಗ್-29ಕೆ ವಿಮಾನಗಳಿಗೆ ಬೇಡಿಕೆ ಸಲ್ಲಿಸಲಾಗಿತ್ತು, ಬೇರೆ ಯಾವ ದೇಶವೂ ಇಂಥ ನೌಕೆ ಮಾರಲು ಸಿದ್ಧವಿರಲಿಲ್ಲ. ಅಣುಶಕ್ತಿ ಜಲಾಂತರ್ಗಾಮಿಯಂಥ ಸೂಕ್ಷ್ಮ ವಿಷಯಗಳಲ್ಲಿ ನೆರವಾಗುತ್ತಿದ್ದುದೂ ರಷ್ಯಾವೇ. ಅಂತಿಮವಾಗಿ 2010ರ ಮಾರ್ಚ್‌ನಲ್ಲಿ ಬೆಲೆ ಸುಮಾರು 235 ಕೋಟಿ ಡಾಲರಿಗೆ ನಿಂತಿತು. ಮೊದಲ ಮೊತ್ತದ ಎರಡೂವರೆ ಪಟ್ಟಿಗೆ ಸ್ವಲ್ಪ ಕಡಿಮೆ. ಅದಕ್ಕೂ ಮೊದಲೇ, 2009ರ ವರದಿಯಲ್ಲಿ ಮಹಾಲೇಖಪಾಲರು, ಸೀಮಿತ ಆಯುಸ್ಸಿನ ಬಳಸಿದ ನೌಕೆಗೆ ಭಾರತ ಹೊಸ ನೌಕೆಗಿಂತ ಶೇ 60ರಷ್ಟು ಹೆಚ್ಚು ತೆರುವಂತಾಗಿದೆ ಎಂದು ಎಚ್ಚರಿಸಿದ್ದರು.

2012ರ ಸಮುದ್ರ ಪರೀಕ್ಷೆಯಲ್ಲಿ ಬಾಯ್ಲರುಗಳ ಶಾಖ ತಡೆಯುವ ಇಟ್ಟಿಗೆಗಳು ಕೈಕೊಟ್ಟು ಮತ್ತೊಂದು ವರ್ಷ ಕಳೆಯಿತು. 2013ರ ನವೆಂಬರ್ 16ರಂದು ರಕ್ಷಣಾ ಸಚಿವ ಎ.ಕೆ. ಆಂಟನಿ ಅವರ ಸಮ್ಮುಖದಲ್ಲಿ ನೌಕೆ ಭಾರತೀಯ ನೌಕಾಪಡೆಗೆ ಸೇರಿತು. 2014ರ ಜನವರಿಯಲ್ಲಿ ಕಾರವಾರ ತಲುಪಿತು. ಅದೇ ವರ್ಷದ ಜೂನ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ರಾಷ್ಟ್ರಕ್ಕೆ ಸಮರ್ಪಿಸಿದರು. ಒಪ್ಪಂದಕ್ಕೆ ಸಹಿ ಬಿದ್ದಾಗ ಡಾಲರಿಗೆ ಸುಮಾರು 45 ರೂಪಾಯಿ ಇದ್ದದ್ದು ನೌಕೆ ಬರುವ ಹೊತ್ತಿಗೆ 62 ರೂಪಾಯಿ ದಾಟಿತ್ತು. ಮೂವರು ಪ್ರಧಾನಿಗಳ ಕಾಲವನ್ನು ಹಾದುಬಂದ ಈ ಖರೀದಿಯಲ್ಲಿ ವಿನಿಮಯ ದರವೂ ತನ್ನ ಪಾಲು ವಸೂಲು ಮಾಡಿತು.

ಕೊಂಡ ಮೇಲಿನ ಖರ್ಚು

ವಿಮಾನವಿಲ್ಲದ ವಿಮಾನವಾಹಕದಿಂದ ಪ್ರಯೋಜನವಿಲ್ಲ. ಎರಡು ಒಪ್ಪಂದಗಳಲ್ಲಿ ಭಾರತ ಒಟ್ಟು 45 ಮಿಗ್-29ಕೆ ವಿಮಾನಗಳನ್ನು ಕೊಂಡಿತು. ಅವುಗಳ ಎಂಜಿನ್ ಮತ್ತು ಇತರ ಭಾಗಗಳಲ್ಲಿ ಸಮಸ್ಯೆಗಳಿದ್ದವೆಂದೂ, ಹಾರಲು ಸಿದ್ಧವಿರುವ ವಿಮಾನಗಳ ಪ್ರಮಾಣ ತೀರಾ ಕಡಿಮೆಯೆಂದೂ 2016ರಲ್ಲಿ ಮಹಾಲೇಖಪಾಲರ ವರದಿ ತಿಳಿಸಿತು. ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ರೂಪಿಸಿದ ತೇಜಸ್‌ನ ನೌಕಾ ಮಾದರಿ 2020ರ ಜನವರಿ 11ರಂದು ವಿಕ್ರಮಾದಿತ್ಯದ ಮೇಲೆ ಯಶಸ್ವಿಯಾಗಿ ಇಳಿದು ದೊಡ್ಡ ಸಾಧನೆ ಮಾಡಿತು. ಆದರೆ ಪೂರ್ಣ ಪ್ರಮಾಣದ ಯುದ್ಧಕ್ಕೆ ಬೇಕಾದಷ್ಟು ಭಾರ ಹೊರುವ ಸಾಮರ್ಥ್ಯ ಅದಕ್ಕಿರಲಿಲ್ಲ. ಹೀಗಾಗಿ 2025ರ ಏಪ್ರಿಲ್‌ನಲ್ಲಿ ಫ್ರಾನ್ಸ್‌ನಿಂದ 26 ರಫೇಲ್ ನೌಕಾ ವಿಮಾನಗಳನ್ನು ಸುಮಾರು 63,000 ಕೋಟಿ ರೂಪಾಯಿಗೆ ಕೊಳ್ಳಲು ಸಹಿ ಬಿತ್ತು.

ದುರಸ್ತಿಯದು ಮತ್ತೊಂದು ಲೆಕ್ಕ. ಕಾರವಾರದ ನೆಲೆಯಲ್ಲಿ ಹಡಗುಗಳನ್ನು ನೀರಿನಿಂದ ಮೇಲೆತ್ತುವ ಯಂತ್ರವಿದೆ, ಆದರೆ ಅದರ ಶಕ್ತಿ 10,000 ಟನ್. ವಿಕ್ರಮಾದಿತ್ಯದ ತೂಕ 44,000 ಟನ್ನಿಗೂ ಹೆಚ್ಚು. ಆದ್ದರಿಂದ ತಳಭಾಗದ ದುರಸ್ತಿಗೆ ಅದು ಕೊಚ್ಚಿಗೆ ಹೋಗಬೇಕು. 2024ರ ನವೆಂಬರ್‌ನಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಜೊತೆ ಇಂಥ ಒಂದು ದುರಸ್ತಿಗೆ ಆದ ಒಪ್ಪಂದದ ಮೊತ್ತವೇ 1,207 ಕೋಟಿ ರೂಪಾಯಿ.

ನಮ್ಮಲ್ಲೇ ಕಟ್ಟಿದರೆ?

ಸ್ವದೇಶದಲ್ಲಿ ಕಟ್ಟಿದ ಮಾತ್ರಕ್ಕೆ ವೆಚ್ಚ ಹಿಡಿತದಲ್ಲಿರುತ್ತದೆ ಎನ್ನಲಾಗದು. ಕೊಚ್ಚಿಯಲ್ಲಿ ಕಟ್ಟಿದ ಹೊಸ ವಿಕ್ರಾಂತ್‌ಗೆ 2003ರಲ್ಲಿ ಮಂಜೂರಾದದ್ದು 3,261 ಕೋಟಿ ರೂಪಾಯಿ. 2014ರಲ್ಲಿ ಅದು 19,341 ಕೋಟಿಗೆ ಏರಿತು. 2022ರ ಸೆಪ್ಟೆಂಬರ್ 2ರಂದು ಸೇವೆಗೆ ಸೇರಿದಾಗ ಒಟ್ಟು ವೆಚ್ಚ ಸುಮಾರು 20,000 ಕೋಟಿ ಎಂದು ಸರ್ಕಾರ ಹೇಳಿತು. ರಷ್ಯಾದಿಂದ ಬರಬೇಕಿದ್ದ ಉಕ್ಕು ಬಾರದೆ ದೇಶದಲ್ಲೇ ಅದನ್ನು ತಯಾರಿಸಬೇಕಾಯಿತು, ಗೇರ್ ಪೆಟ್ಟಿಗೆಗಳು ತಡವಾದವು. ಮೊದಲ ಅಂದಾಜಂತೂ ನಿಜಕ್ಕೆ ಬಹಳ ದೂರವಿತ್ತು.

ಆದರೂ ಎರಡು ನೌಕೆಗಳ ವೆಚ್ಚದಲ್ಲಿ ಮುಖ್ಯ ವ್ಯತ್ಯಾಸವಿದೆ. ವಿಕ್ರಾಂತ್‌ನ ಶೇ 76ರಷ್ಟು ಭಾಗ ದೇಶೀಯ. ಆ ಹಣ ದೇಶದ ಕಾರ್ಖಾನೆಗಳಲ್ಲೇ ಉಳಿಯಿತು. ತಯಾರಿಸಲು ಕಲಿತ ಉಕ್ಕು ಮುಂದಿನ ಯುದ್ಧನೌಕೆಗಳಿಗೂ ಬಳಕೆಯಾಯಿತು. ನೌಕೆಗಳಿಗೆ ಬೇಕಾದ ಸೋನಾರ್, ರೇಡಾರ್ ಮುಂತಾದವುಗಳಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನ ಪಾಲು ದೊಡ್ಡದು. ಆದರೆ ಈ ಕಲಿಕೆ ಉಳಿಯಬೇಕಾದರೆ ಕಟ್ಟೆಗೆ ಮುಂದಿನ ಬೇಡಿಕೆ ಬರುತ್ತಿರಬೇಕು. ಎರಡನೇ ದೇಶೀ ವಿಮಾನವಾಹಕ ಬೇಕೇ ಬೇಡವೇ ಎಂಬುದು ವರ್ಷಗಟ್ಟಲೆ ಚರ್ಚೆಯಲ್ಲೇ ಉಳಿಯಿತು. ವಿಮಾನವಾಹಕಕ್ಕಿಂತ ಜಲಾಂತರ್ಗಾಮಿಗಳಿಗೆ ಆದ್ಯತೆ ಸಿಗಬೇಕೆಂಬ ನಿಲುವನ್ನು 2020ರಲ್ಲಿ ಆಗಿನ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಬಹಿರಂಗವಾಗಿಯೇ ವ್ಯಕ್ತಪಡಿಸಿದ್ದರು. ಎರಡೂ ವಾದಗಳಿಗೆ ತೂಕವಿದೆ. ನಿರ್ಧಾರವಾಗದೆ ಕಳೆಯುವ ಪ್ರತಿ ವರ್ಷ ಮಾತ್ರ ಕುಶಲ ಕೈಗಳನ್ನು ಚದುರಿಸುತ್ತದೆ.

ಹಗರಣ, ನಿಷೇಧ, ರದ್ದತಿ

ರಾಜಕೀಯ ಅನಿಶ್ಚಿತತೆಯ ಅತಿ ದೊಡ್ಡ ಪೆಟ್ಟು ಬಿದ್ದಿರುವುದು ಜಲಾಂತರ್ಗಾಮಿಗಳಿಗೆ. 1981ರಲ್ಲಿ ಜರ್ಮನಿಯ ಎಚ್‌ಡಿಡಬ್ಲ್ಯೂ ಕಂಪನಿಯ ಜೊತೆ ನಾಲ್ಕು ಜಲಾಂತರ್ಗಾಮಿಗಳಿಗೆ ಒಪ್ಪಂದವಾಯಿತು. ಅವುಗಳಲ್ಲಿ ಎರಡನ್ನು ಮುಂಬೈನ ಮಜಗಾಂವ್ ಡಾಕ್‌ನಲ್ಲೇ ಕಟ್ಟಲಾಯಿತು. 1987ರಲ್ಲಿ ದಲ್ಲಾಳಿ ಹಣದ ಆರೋಪ ಎದ್ದು, ತನಿಖೆಗೆ ಆದೇಶಿಸಿದ ರಕ್ಷಣಾ ಸಚಿವ ವಿ.ಪಿ. ಸಿಂಗ್ ರಾಜೀನಾಮೆ ಕೊಟ್ಟರು. ಮುಂದಿನ ಜಲಾಂತರ್ಗಾಮಿಗಳ ಯೋಜನೆ ನಿಂತುಹೋಯಿತು. ಜರ್ಮನ್ನರಿಂದ ತರಬೇತಿ ಪಡೆದ ಬೆಸುಗೆಗಾರರು, ತಂತ್ರಜ್ಞರು ಕೆಲಸವಿಲ್ಲದೆ ಚದುರಿದರು. 2005ರಲ್ಲಿ ಫ್ರಾನ್ಸ್‌ನ ಸ್ಕಾರ್ಪೀನ್ ಒಪ್ಪಂದವಾದಾಗ ಅದೇ ಕಟ್ಟೆ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. 2012ರಲ್ಲಿ ಬರಬೇಕಿದ್ದ ಮೊದಲ ನೌಕೆ ಕಲ್ವರಿ ಸೇವೆಗೆ ಸೇರಿದ್ದು 2017ರ ಡಿಸೆಂಬರ್‌ನಲ್ಲಿ. ಅದಕ್ಕೆಂದು ಆರಿಸಿದ್ದ ಟಾರ್ಪಿಡೊಗಳ ಖರೀದಿಯೂ ಹೆಲಿಕಾಪ್ಟರ್ ಖರೀದಿಯ ಹಗರಣದಲ್ಲಿ ಅವುಗಳ ತಯಾರಕ ಕಂಪನಿಯ ಮಾತೃಸಂಸ್ಥೆಯ ಹೆಸರು ಕೇಳಿಬಂದದ್ದರಿಂದ ರದ್ದಾಯಿತು.

ಕಾರವಾರದ ಪಕ್ಕದ ಗೋವಾ ಶಿಪ್‌ಯಾರ್ಡ್‌ನಲ್ಲಿ ದಕ್ಷಿಣ ಕೊರಿಯಾದ ನೆರವಿನಿಂದ ಸಮುದ್ರ ಸಿಡಿಗುಂಡು ನಿವಾರಕ ನೌಕೆಗಳನ್ನು ಕಟ್ಟುವ ಯೋಜನೆಯೂ ವರ್ಷಗಳ ಮಾತುಕತೆಯ ನಂತರ 2018ರಲ್ಲಿ ಮುರಿದುಬಿತ್ತು. ಮರುವರ್ಷ ನೌಕಾಪಡೆಯಲ್ಲಿದ್ದ ಇಂಥ ಕೊನೆಯ ನೌಕೆ ನಿವೃತ್ತವಾಯಿತು. ಶತ್ರು ಬಂದರಿನ ಬಾಯಲ್ಲಿ ಸಿಡಿಗುಂಡು ಬಿತ್ತಿದರೆ ಅದನ್ನು ತೆಗೆಯಲೆಂದೇ ಕಟ್ಟಿದ ಒಂದು ನೌಕೆಯೂ ಇಲ್ಲದ ಸ್ಥಿತಿ ಅದು.

ಶ್ರೀಮಂತ ದೇಶಗಳೂ ಇದರಿಂದ ಹೊರತಲ್ಲ. ಆಸ್ಟ್ರೇಲಿಯಾ 2021ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್ ಜೊತೆಗಿನ ಹನ್ನೆರಡು ಜಲಾಂತರ್ಗಾಮಿಗಳ ಯೋಜನೆಯನ್ನು ಕೈಬಿಟ್ಟು ಅಮೆರಿಕ, ಬ್ರಿಟನ್ ಕಡೆ ತಿರುಗಿತು. ಒಂದು ಹಡಗೂ ಕೈಸೇರದೆ ಫ್ರೆಂಚ್ ಕಂಪನಿಗೆ 55.5 ಕೋಟಿ ಯೂರೊ ಪರಿಹಾರ ಕೊಡಬೇಕಾಯಿತು.

ಬಜೆಟ್ಟಿನ ಬಿಗಿ

2025–26ರ ಕೇಂದ್ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟದ್ದು 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಹೊಸ ಸಲಕರಣೆ, ಕಟ್ಟಡ ಮುಂತಾದ ಬಂಡವಾಳ ವೆಚ್ಚಕ್ಕೆ 1.80 ಲಕ್ಷ ಕೋಟಿ. ನೌಕೆಗಳ ಖರೀದಿಗೆ 24,390 ಕೋಟಿ. ಹಡಗಿನ ಹಣವನ್ನು ಕೆಲಸ ಸಾಗಿದಂತೆ ಕಂತುಗಳಲ್ಲಿ ಕೊಡುವುದರಿಂದ ಈ ಮೊತ್ತದ ಬಹುಪಾಲು ಹಿಂದಿನ ವರ್ಷಗಳ ಒಪ್ಪಂದಗಳಿಗೇ ಸಲ್ಲುತ್ತದೆ. ಯಾವುದೋ ಕಟ್ಟೆಯಲ್ಲಿ ಕೆಲಸ ತಡವಾಗಿ ಕಂತು ಪಾವತಿಯಾಗದಿದ್ದರೆ, ಖರ್ಚಾಗದ ಹಣ ಮಾರ್ಚ್ 31ಕ್ಕೆ ವಾಪಸಾಗುತ್ತದೆ. ಇಪ್ಪತ್ತು ವರ್ಷದ ಕೆಲಸವನ್ನು ಒಂದೊಂದೇ ವರ್ಷದ ಕೈಚೀಲದಿಂದ ನಡೆಸುವ ಈ ಕ್ರಮವೇ ವಿಳಂಬಕ್ಕೆ ಒಂದು ಕಾರಣ.

ನೆಲದ ಬೆಲೆ

ನೌಕೆಗೆ ನಿಲ್ಲಲು ಜಾಗ ಬೇಕು, ಅದಕ್ಕೂ ಬೆಲೆಯಿದೆ. 1980ರ ದಶಕದ ಆರಂಭದಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಆಸ್ಕರ್ ಸ್ಟ್ಯಾನ್ಲಿ ಡಾಸನ್ ಕಾರವಾರದ ನೆಲೆಯ ಕನಸು ಕಂಡರು. ‘ಸೀಬರ್ಡ್’ ಯೋಜನೆಗೆ 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. 1990ರ ದಶಕದ ಆರ್ಥಿಕ ಬಿಕ್ಕಟ್ಟಿನಿಂದ ಕೆಲಸ ಕುಂಟಿತು, ಯೋಜನೆಯನ್ನು ಮೊಟಕುಗೊಳಿಸಲಾಯಿತು. ಕದಂಬ ನೆಲೆ ಉದ್ಘಾಟನೆಯಾದದ್ದು 2005ರ ಮೇ 31ರಂದು, ಅಡಿಗಲ್ಲು ಬಿದ್ದ ಹತ್ತೊಂಬತ್ತನೆಯ ವರ್ಷದಲ್ಲಿ. ಅಷ್ಟರಲ್ಲಿ ಮೊದಲ ಹಂತದ ವೆಚ್ಚ 2,600 ಕೋಟಿ ದಾಟಿತ್ತು. ಈಗ ನಡೆದಿರುವ ಎರಡನೇ ಹಂತದ ‘ಎ’ ಭಾಗ ಮುಗಿದರೆ ಇಲ್ಲಿ 32 ನೌಕೆ ಮತ್ತು ಜಲಾಂತರ್ಗಾಮಿಗಳು ನಿಲ್ಲಬಹುದು.

ಈ ನೆಲೆಗಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ತೆಂಗಿನ ತೋಟ ಬಿಟ್ಟುಕೊಟ್ಟವು. ಮೀನುಗಾರರು ದೋಣಿ ಎಳೆಯುತ್ತಿದ್ದ ದಡಗಳನ್ನು ಕಳೆದುಕೊಂಡರು. ನ್ಯಾಯವಾದ ಪರಿಹಾರಕ್ಕಾಗಿ ಎಷ್ಟೋ ಮಂದಿ ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿಳಿದರು. ಕೆಲವರು ಕಾಯುತ್ತಲೇ ತೀರಿಕೊಂಡರು. ದೇಶದ ರಕ್ಷಣೆಯ ಹೆಸರಿನಲ್ಲಿ ಅತಿ ಹೆಚ್ಚು ಕೊಟ್ಟವರು ಇವರು. ಇವರ ಬಾಕಿ ತೀರಿಸುವುದು ಹಡಗಿನ ಲೆಕ್ಕದ ಮೊದಲ ಸಾಲಾಗಬೇಕಿತ್ತು.

ಮಾಡಬೇಕಾದದ್ದು

ಪರಿಹಾರಗಳು ತಿಳಿಯದವೇನಲ್ಲ. ಹಳೆಯ ನೌಕೆ ಕೊಳ್ಳುವ ಮುನ್ನ ಅದನ್ನು ಪೂರ್ತಿ ಪರೀಕ್ಷಿಸಬೇಕು. ಹೊಸದಾದರೆ, ವಿನ್ಯಾಸ ಅಂತಿಮವಾದ ಮೇಲೆಯೇ ಉಕ್ಕು ಕತ್ತರಿಸಬೇಕು. ನೌಕೆ, ವಿಮಾನ, ದುರಸ್ತಿ, ಬಂದರು, ಭೂಮಿ ಎಲ್ಲ ಸೇರಿದ ಆಯುಷ್ಯಪೂರ್ತಿಯ ವೆಚ್ಚವನ್ನು ಮೊದಲ ದಿನವೇ ಸಂಸತ್ತಿನ ಮುಂದಿಡಬೇಕು. ವರ್ಷಾಂತ್ಯಕ್ಕೆ ಕರಗದ ರಕ್ಷಣಾ ನಿಧಿಯೊಂದು ಬೇಕೆಂದು ಹದಿನೈದನೇ ಹಣಕಾಸು ಆಯೋಗ ಮಾಡಿದ ಶಿಫಾರಸು ಜಾರಿಯಾಗಬೇಕು. ಲಂಚದ ಆರೋಪ ಬಂದಾಗ ತಪ್ಪಿತಸ್ಥರನ್ನು ಬೇಗ ಶಿಕ್ಷಿಸಬೇಕು. ಯೋಜನೆಯನ್ನೇ ಹೂತುಹಾಕಿದರೆ ಶಿಕ್ಷೆಯಾಗುವುದು ನೌಕಾಪಡೆಗೆ.

ಸಮುದ್ರದಿಂದ ಬಹುದೂರದ ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನ ರೈತ ಡೀಸೆಲ್ ಕೊಂಡಾಗ ಕಟ್ಟುವ ತೆರಿಗೆಯೂ ಈ ಹಡಗುಗಳಿಗೆ ಸಲ್ಲುತ್ತದೆ. ಆದ್ದರಿಂದ ನೌಕೆ ಎಷ್ಟಕ್ಕೆ ಬಂತು, ಏಕೆ ತಡವಾಯಿತು ಎಂದು ಕೇಳುವ ಹಕ್ಕು ಕರಾವಳಿಯವರಿಗೆ ಎಷ್ಟಿದೆಯೋ ಬಯಲುಸೀಮೆಯವರಿಗೂ ಅಷ್ಟೇ ಇದೆ. ಬಲವಾದ ನೌಕಾಪಡೆ ದೇಶಕ್ಕೆ ಬೇಕೇ ಬೇಕು. ಅದನ್ನು ಕಟ್ಟುವ ಮೊದಲ ಹೆಜ್ಜೆ ಪ್ರಾಮಾಣಿಕ ಅಂದಾಜು; ಎರಡನೆಯದು, ಸರ್ಕಾರ ಬದಲಾದರೂ ಬದಲಾಗದ ನಿರ್ಧಾರ.