ದೂರದ ಬೆಟ್ಟವೂ ಹಳೆಯ ಹಾಡೂ

ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ರೈಲಿನಲ್ಲಿ ಹೋಗುವವರಿಗೆ ದೊಡ್ಡಬಳ್ಳಾಪುರವನ್ನು ದಾಟಿದ ಮೇಲೆ ಮಾಕಳಿದುರ್ಗದ ಬೆಟ್ಟವು ಕಣ್ಣಿಗೆ ಬೀಳುವುದು. ದೂರದಿಂದ ನೋಡುವವನಿಗೆ ಅದು ನುಣುಪಾಗಿ ತೋರುವುದು. ಅದರ ಬಂಡೆಗಳೂ ಮುಳ್ಳುಗಳೂ ಹತ್ತಿದವನಿಗೆ ಮಾತ್ರ ಗೊತ್ತು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಹಾದಿಯ ದೂರಕ್ಕೆ ಅನ್ವಯಿಸುತ್ತೇವೆ. ಆದರೆ ಕಾಲದ ದೂರಕ್ಕೂ ಅದು ಅಷ್ಟೇ ಸಲ್ಲುವ ಮಾತು. ಹಳೆಯ ನಾಟಕ, ಹಳೆಯ ಸಿನಿಮಾ, ಹಳೆಯ ಹಾಡುಗಳ ವಿಚಾರದಲ್ಲಿ ಅದನ್ನು ನಾವು ಮರೆತುಬಿಡುವುದೇ ಹೆಚ್ಚು.

ಆ ಬೆಟ್ಟದಿಂದ ಮುಂದೆ ಸಾಗಿದರೆ ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿ ಸಿಕ್ಕುವುದು. ಕನ್ನಡ ತೆಲುಗುಗಳೆರಡೂ ಒಂದೇ ಅಂಗಳದಲ್ಲಿ ಆಡುವ ಈ ಸೀಮೆಯಲ್ಲಿ ಜನರ ವಿನೋದವು ಹಲವು ವೇಷಗಳನ್ನು ಧರಿಸಿದೆ. ಮೊದಲು ಕೇಳಿಕೆ, ಆಮೇಲೆ ಹಾರ್ಮೋನಿಯಂ, ತಬಲ, ಬಣ್ಣದ ಪರದೆಗಳೊಡನೆ ಬಂದ ಪೌರಾಣಿಕ ನಾಟಕ, ಆಮೇಲೆ ಟೆಂಟು ಸಿನಿಮಾ, ಅದರ ಹಿಂದೆಯೇ ರೇಡಿಯೋ, ಟೇಪು, ಟೆಲಿವಿಷನ್ನು, ಈಗ ಪ್ರತಿಯೊಬ್ಬನ ಅಂಗೈಯಲ್ಲಿ ಮೊಬೈಲು. ಇಂತಹ ಯಾವ ಊರಿನ ಜಗಲಿಯ ಮೇಲೆ ಕುಳಿತರೂ ಒಂದು ಮಾತು ಕಿವಿಗೆ ಬೀಳದೆ ಇರದು: “ಆ ಕಾಲದ ಪದ್ಯವೇನು, ಆ ಕಂಠವೇನು! ಈಗಿನದೆಲ್ಲ ಬರಿಯ ಗದ್ದಲ.” ಹುಡುಗರು ಮುಖ ತಿರುಗಿಸಿ, ಹಳೆಯದೆಲ್ಲ ಬರಿಯ ಎಳೆದಾಟವೆಂದು ಗೊಣಗುವರು. ಮನೆಮನೆಯಲ್ಲಿಯೂ ನಡೆಯುವ ಈ ವ್ಯಾಜ್ಯದಲ್ಲಿ ಯಾರ ಪಕ್ಷ ನ್ಯಾಯವಾದುದೆಂಬುದನ್ನು ಗೃಹಸ್ಥರು ಕೊಂಚ ಸಾವಧಾನದಿಂದ ವಿಚಾರಿಸಿ ನೋಡತಕ್ಕುದಾಗಿದೆ.

ಹಿರಿಯರು ಇಂದು ಹಳೆಯದೆಂದು ಹೊಗಳುವ ವಸ್ತುವಿನ ಪೂರ್ವವೃತ್ತಾಂತವನ್ನೇ ಮೊದಲು ನೋಡೋಣ. ಪೌರಾಣಿಕ ನಾಟಕಕ್ಕೆ ಹಾರ್ಮೋನಿಯಮ್ಮೇ ಪ್ರಾಣ. ಅದಿಲ್ಲದೆ ಕೃಷ್ಣನು ಸಂಧಾನಕ್ಕೆ ಹೊರಡಲಾರನು, ಕರ್ಣನು ಕೊರಗಲಾರನು. ಆದರೆ ಆ ವಾದ್ಯವು ನಮ್ಮ ದೇಶದ್ದಲ್ಲ. ಪ್ಯಾರಿಸ್ ನಗರದ ದೆಬೇನ್ ಎಂಬವನು ೧೮೪೨ರಲ್ಲಿ ಅದರ ಹಕ್ಕುಪತ್ರವನ್ನು ಪಡೆದನು. ನಮ್ಮಲ್ಲಿಗೆ ಬಂದ ಮೇಲೆ ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿಯೂದಿ ಇನ್ನೊಂದು ಕೈಯಿಂದ ನುಡಿಸುವಂತೆ ಅದು ಮಾರ್ಪಾಟು ಹೊಂದಿತು. ಇದರ ಸ್ವರಗಳು ಕೀಲಿಕೊಟ್ಟಂತೆ ಒಂದೇ ಕಡೆ ನಿಲ್ಲುವುದರಿಂದ ಗಮಕವು ಹಾಳಾಗುವುದು, ಸಂಗೀತವೇ ಕೆಡುವುದು ಎಂದು ವಿದ್ವಾಂಸರು ಆಕ್ಷೇಪಿಸಿದರು. ೧೯೪೦ರ ಮಾರ್ಚಿಯಲ್ಲಿ ಆಲ್ ಇಂಡಿಯಾ ರೇಡಿಯೋದವರು ಅದನ್ನು ತಮ್ಮ ನಿಲಯಗಳಿಂದ ಬಹಿಷ್ಕರಿಸಿದರು. ಮೂರು ದಶಕಗಳ ಕಾಲ ಆ ನಿರ್ಬಂಧವು ಸಡಿಲವಾಗಲಿಲ್ಲ. ಇಂದು ವಿದ್ಯುತ್ತಿನ ಕೀಬೋರ್ಡಿನ ಸದ್ದನ್ನು ಕೇಳಿ, “ಹಾರ್ಮೋನಿಯಮ್ಮಿನ ಸೊಗಸು ಎಲ್ಲಿ ಹೋಯಿತು!” ಎಂದು ನಿಟ್ಟುಸಿರಿಡುವವರು, ಹೊಸದಾಗಿ ಬಂದಾಗ ಅದಕ್ಕೂ ಇದೇ ನಿಂದೆ ಸಂದಿತ್ತೆಂಬುದನ್ನು ಅರಿಯರು.

ಸಿನಿಮಾ ಹಾಡಿನ ಕಥೆಯೂ ಹೀಗೆಯೇ. ೧೯೫೨ರಲ್ಲಿ ಕೇಂದ್ರ ಸರ್ಕಾರದ ಪ್ರಸಾರ ಮಂತ್ರಿಗಳಾದ ಬಿ. ವಿ. ಕೇಸ್ಕರರು ಸಿನಿಮಾ ಗೀತೆಗಳು ಜನರ ಅಭಿರುಚಿಯನ್ನು ಕೆಡಿಸುತ್ತವೆಂದು ಬಗೆದು, ರೇಡಿಯೋದಲ್ಲಿ ಅವುಗಳಿಗೆ ಕಡಿವಾಣ ಹಾಕಿದರು. ಕೇಳುವವರು ಸುಮ್ಮನಿರದೆ ರೇಡಿಯೋ ಸಿಲೋನಿನ ಕಡೆಗೆ ತಿರುಗಿಕೊಂಡರು. ಕೊನೆಗೆ ೧೯೫೭ರ ಅಕ್ಟೋಬರಿನಲ್ಲಿ ಸರ್ಕಾರವೇ ವಿವಿಧ ಭಾರತಿಯನ್ನು ಪ್ರಾರಂಭಿಸಬೇಕಾಯಿತು. ಅಭಿರುಚಿಗೇಡಿಯೆಂದು ಅಂದು ಹೊರಗಿಟ್ಟ ಆ ಕಾಲದ ಹಾಡುಗಳನ್ನೇ ಇಂದು ನಾವು ಸುವರ್ಣಯುಗದ ಗೀತೆಗಳೆಂದು ಕರೆಯುತ್ತೇವೆ!

ಇನ್ನು ನಾಟಕ ಕಂಪೆನಿಗಳು. ಗುಬ್ಬಿಯ ಕಂಪೆನಿಯು ೧೮೮೪ರಲ್ಲಿ ಹುಟ್ಟಿತು. ಕಂಪೆನಿ ನಾಟಕಗಳ ಮೇಳೈಸಿದ ಹಾಡುಗಳಿಂದಲೂ ಆಡಂಬರದಿಂದಲೂ ಬೇಸತ್ತ ವಿದ್ಯಾವಂತರು ಬೆಂಗಳೂರಿನಲ್ಲಿ ೧೯೦೯ರಲ್ಲಿ ಹವ್ಯಾಸಿಗಳ ಸಂಘವನ್ನು ಕಟ್ಟಿದರು. ಕೈಲಾಸಂ ಅವರು ಮನೆಮಾತಿನ ನಾಟಕಗಳನ್ನು ಬರೆದರು. ೧೯೩೪ರ ಮಾರ್ಚಿ ೩ರಂದು ಮೊದಲನೆಯ ಕನ್ನಡ ವಾಕ್ಚಿತ್ರವಾದ “ಸತಿ ಸುಲೋಚನ” ತೆರೆಕಂಡಿತು. ಸಿನಿಮಾವು ನಾಟಕವನ್ನು ನುಂಗಿತೆಂದು ಮುಂದೆ ಹಲವರು ಮರುಗಿದರು. ಆದರೆ ಆ ಚಿತ್ರದಲ್ಲಿ ಅಭಿನಯಿಸಿದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ನಾಟಕರಂಗದಿಂದಲೇ ಬಂದವರು. ೧೯೫೪ರ “ಬೇಡರ ಕಣ್ಣಪ್ಪ”ದಲ್ಲಿ ಬೆಳಕಿಗೆ ಬಂದ ರಾಜಕುಮಾರರೂ ನರಸಿಂಹರಾಜರೂ ಗುಬ್ಬಿಯ ರಂಗದಲ್ಲಿ ಪಳಗಿದವರೇ. ಶತ್ರುವೆಂದು ಬಗೆದ ಹೊಸದು ಹಳೆಯದರ ಹೊಟ್ಟೆಯಲ್ಲಿ ಹುಟ್ಟಿದ ಕೂಸಾಗಿತ್ತು.

ಇದು ನಮ್ಮ ಕಾಲದ ದೌರ್ಬಲ್ಯ ಮಾತ್ರವೆಂದು ತಿಳಿಯಬೇಕಾಗಿಲ್ಲ. “ಮಾಲವಿಕಾಗ್ನಿಮಿತ್ರ”ದ ಪ್ರಸ್ತಾವನೆಯಲ್ಲಿ, ಭಾಸನಂತಹ ಪ್ರಸಿದ್ಧ ಕವಿಗಳಿರುವಾಗ ಈಗಿನವನಾದ ಕಾಳಿದಾಸನ ಕೃತಿಗೆ ಇಷ್ಟು ಗೌರವವೇಕೆ ಎಂಬ ಪ್ರಶ್ನೆ ಏಳುವುದು. ಸೂತ್ರಧಾರನು ಹೊಸ ಕವಿಯ ಪರವಾಗಿ ವಾದಿಸಬೇಕಾಗುವುದು. ಕವಿಕುಲಗುರುವೂ ಒಂದು ಕಾಲಕ್ಕೆ “ಈಗಿನವ”ನಾಗಿಯೇ ಇದ್ದನು!

ಹಳೆಯದು ಹೀಗೆ ನುಣ್ಣಗಾಗುವುದಕ್ಕೆ ಕಾರಣಗಳಿಲ್ಲದಿಲ್ಲ. ಮೊದಲನೆಯದು, ಕಾಲವೆಂಬ ಜರಡಿ. ಆ ದಿನಗಳ ನೂರು ಹಾಡುಗಳಲ್ಲಿ ಜೊಳ್ಳೆಲ್ಲ ಹಾರಿಹೋಗಿ ನಾಲ್ಕು ಗಟ್ಟಿಕಾಳು ನಮ್ಮ ಕೈಯಲ್ಲಿ ಉಳಿದಿರುತ್ತವೆ. ಇಂದಿನ ಹಾಡುಗಳಾದರೋ ತೂರದ ರಾಶಿ. ತೂರಿದ ಕಾಳಿಗೂ ತೂರದ ರಾಶಿಗೂ ತೂಕ ನೋಡಿ, “ಅಂದಿನ ಬೆಳೆಯೇ ಬೆಳೆ” ಎಂದರೆ ಕಣದಲ್ಲಿ ನಿಂತ ಯಾವ ರೈತನೂ ಒಪ್ಪಲಾರನು.

ಎರಡನೆಯದು, ನಮ್ಮದೇ ಯೌವನ. ೧೯೮೯ರಲ್ಲಿ ಹಾಲ್‌ಬ್ರೂಕ್, ಶಿಂಡ್ಲರ್ ಎಂಬ ಅಮೆರಿಕದ ವಿದ್ವಾಂಸರಿಬ್ಬರು, ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ಕಾಲದ ಜನಪ್ರಿಯ ಹಾಡುಗಳನ್ನು ಕೇಳಿಸಿ ಅವರ ಮೆಚ್ಚಿಕೆಯನ್ನು ಅಳೆದರು. ಕೇಳುಗರಿಗೆ ಸುಮಾರು ೨೪ ವರ್ಷ ವಯಸ್ಸಾಗಿದ್ದಾಗ ಪ್ರಚಾರದಲ್ಲಿದ್ದ ಹಾಡುಗಳೇ ಅವರಿಗೆ ಅತ್ಯಂತ ಪ್ರಿಯವೆಂದು ಕಂಡುಬಂದಿತು. ಅಂದಮೇಲೆ “ನಮ್ಮ ಕಾಲದ ಹಾಡು” ಎಂಬ ಹೊಗಳಿಕೆಯಲ್ಲಿ ಹಾಡಿನ ಗುಣವೆಷ್ಟು, ದಣಿವರಿಯದ ನಮ್ಮ ಮೈಯ ಗುಣವೆಷ್ಟು, ಜೊತೆಯಲ್ಲಿದ್ದು ಈಗ ಇಲ್ಲವಾದ ಗೆಳೆಯರ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಕಳೆದುದಕ್ಕಾಗಿ ಹಂಬಲಿಸುವ ಈ ಭಾವಕ್ಕೆ ಪಾಶ್ಚಾತ್ಯರು ನಾಸ್ಟಾಲ್ಜಿಯ ಎನ್ನುವರು. ೧೬೮೮ರಲ್ಲಿ ಹೋಫರ್ ಎಂಬ ಸ್ವಿಸ್ ವೈದ್ಯನು ಅದನ್ನು ತವರುನಾಡಿನ ಹಂಬಲದಿಂದ ಬರುವ ಒಂದು ರೋಗದ ಹೆಸರಾಗಿಯೇ ಟಂಕಿಸಿದನು.

ಹಾಗಾದರೆ ಹಿರಿಯರ ನೆನಪೆಲ್ಲ ಬರಿಯ ಭ್ರಾಂತಿಯೆ? ಎಂದಿಗೂ ಅಲ್ಲ. ಹಳ್ಳಿಯಲ್ಲಿ “ಕುರುಕ್ಷೇತ್ರ”ವನ್ನು ಆಡುವುದೆಂದರೆ ಏನೆಂಬುದನ್ನು ಯೋಚಿಸಿರಿ. ಹಗಲೆಲ್ಲ ಹೊಲದಲ್ಲಿ ದುಡಿದವರು ರಾತ್ರಿಯ ಹೊತ್ತು ಹಾರ್ಮೋನಿಯಂ ಮೇಷ್ಟರ ಮುಂದೆ ತಿಂಗಳುಗಟ್ಟಲೆ ಕುಳಿತು ಪದ್ಯಗಳನ್ನು ಕಲಿಯುವರು. ಅಕ್ಷರ ಬಾರದವನೂ ಕಿವಿಯಿಂದಲೇ ನೂರಾರು ಸಾಲುಗಳನ್ನು ಕಂಠಸ್ಥ ಮಾಡುವನು. ಸೀನರಿಗೂ ಉಡುಪಿಗೂ ಪಾತ್ರಧಾರಿಗಳು ತಾವೇ ಹಣ ಹಾಕುವರು. ಒಂದು ರಾತ್ರಿಯ ಮಟ್ಟಿಗೆ ನೇಗಿಲು ಹಿಡಿದವನು ದುರ್ಯೋಧನನಾಗಿ ಊರವರೆದುರು ಕಿರೀಟ ಧರಿಸಿ ನಿಲ್ಲುವನು. ಮೊಬೈಲಿನ ತೆರೆಯು ಎಷ್ಟು ಚೆಂದದ ಚಿತ್ರವನ್ನು ತೋರಿಸಿದರೂ ನೋಡುವವನು ನೋಡುವವನಾಗಿಯೇ ಉಳಿಯುವನು, ಅದೂ ಒಬ್ಬಂಟಿಯಾಗಿ. ಅಜ್ಜನು “ಆ ಕಾಲದ ನಾಟಕ” ಎಂದು ನಿಟ್ಟುಸಿರಿಡುವಾಗ ಅವನು ಕಳೆದುಕೊಂಡದ್ದು ಪದ್ಯದ ಸೊಗಸನ್ನೇ ಅಲ್ಲ, ಆ ಕೂಟವನ್ನು. ಆ ನಷ್ಟವು ನಿಜವಾದುದು.

ಆದರೆ ಅದೇ ನೆನಪು ಕೆಲವು ಸಂಗತಿಗಳನ್ನು ಹೇಳದೆ ಬಿಡುವುದೂ ಉಂಟು. ದ್ರೌಪದಿಯ ಪಾತ್ರವನ್ನು ಮೀಸೆ ಬೋಳಿಸಿದ ಗಂಡಸೇ ಧರಿಸಬೇಕಾಗಿತ್ತು; ರಂಗವೇರಿದ ಹೆಂಗಸಿಗೆ ಊರು ಗೌರವ ಕೊಡುತ್ತಿರಲಿಲ್ಲ. ನೋಡಬಂದ ಎಲ್ಲ ಜಾತಿಯವರಿಗೂ ಒಂದೇ ಚಾಪೆಯ ಮೇಲೆ ಸ್ಥಳವಿರಲಿಲ್ಲ. ಮುಂದೆ ಕುಳಿತವನ ನೆನಪೂ ಹಿಂದೆ ನಿಂತವನ ನೆನಪೂ ಒಂದೇ ಆಗಿರಲಾರವು.

ಆದುದರಿಂದ ನೆನಪನ್ನು ನಾವು ಸಾಕ್ಷಿಯ ಸ್ಥಾನದಲ್ಲಿ ನಿಲ್ಲಿಸಬೇಕೇ ಹೊರತು ನ್ಯಾಯಾಧಿಪತಿಯ ಪೀಠದಲ್ಲಿ ಕೂರಿಸಬಾರದು. ಸಾಕ್ಷಿಯು ತಾನು ಕಂಡುದನ್ನು ಹೇಳಲಿ. ಅದನ್ನು ಆದರದಿಂದ ಕೇಳೋಣ. ತೀರ್ಪು ಕೊಡುವಾಗ ಮಾತ್ರ ಅಂದಿನ ಉತ್ತಮವನ್ನು ಇಂದಿನ ಉತ್ತಮದೊಡನೆ ಹೋಲಿಸೋಣ, ಅಂದಿನ ಜೊಳ್ಳನ್ನು ಇಂದಿನ ಜೊಳ್ಳಿನೊಡನೆ.

ಈ ವಿವೇಕ ತಪ್ಪಿದರೆ ಆಗುವ ಹಾನಿ ಅಲ್ಪವಲ್ಲ. ಆ “ಸತಿ ಸುಲೋಚನ”ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ನಮ್ಮ ಭಾಷೆಯು ತೆರೆಯ ಮೇಲೆ ಮೊದಲು ಮಾತನಾಡಿದ ಚಿತ್ರವನ್ನು ಇನ್ನು ಯಾರೂ ನೋಡಲಾರರು. ಹೊಸದಾಗಿದ್ದಾಗ ಅದು ಕಾಪಾಡತಕ್ಕ ವಸ್ತುವೆಂದು ಸಾಕಷ್ಟು ಜನರಿಗೆ ತೋರಿದಂತಿಲ್ಲ. ಇಂದಿನದನ್ನು ಕಸವೆಂದು ತಳ್ಳುವವನು ನಾಳಿನವರ ಪುರಾತನ ನಿಧಿಯನ್ನೇ ತಳ್ಳುತ್ತಿರಬಹುದು. ಇತ್ತ, ಹಿರಿಯರ ನಿಂದೆಗೆ ಅಂಜಿ ಕಿವಿ ಮುಚ್ಚಿಕೊಂಡ ಹುಡುಗರು ಹಿರಿಯರ ಹಾಡನ್ನೂ ಕೇಳದೆ ಹೋಗುವರು. ಕೇಳುವವರಿಲ್ಲದೆ ಆ ಪದ್ಯಗಳೂ ಮಟ್ಟುಗಳೂ ಹಾಡುವವನೊಡನೆಯೇ ಮಣ್ಣಾಗುವುವು.

ಇದಕ್ಕೆ ಪರಿಹಾರವು ಮನೆಯಲ್ಲಿಯೇ ಇದೆ. ಮೊಮ್ಮಗನು ಮೆಚ್ಚಿದ ಒಂದು ಹಾಡನ್ನು ಅಜ್ಜನು ಕೊನೆಯವರೆಗೆ ಕೇಳಲಿ. ಅದರಲ್ಲಿ ನಿನಗೆ ಹಿಡಿಸಿದುದೇನಪ್ಪ ಎಂದು ವಿಚಾರಿಸಲಿ. ಆಮೇಲೆ ಅಜ್ಜನು ತನಗೆ ಬರುವ ಕುರುಕ್ಷೇತ್ರದ ಪದ್ಯವನ್ನು ಹಾಡಲಿ; ಅದೇ ಮೊಬೈಲಿನಲ್ಲಿ ಮೊಮ್ಮಗನು ಅದನ್ನು ಹಿಡಿದಿಡಲಿ. ಗದ್ದಲದ ಪೆಟ್ಟಿಗೆಯೆಂದು ಬೈಸಿಕೊಂಡ ಆ ವಸ್ತುವೇ ಹಳೆಯ ಕಂಠವೊಂದನ್ನು ಕಾಪಾಡಿದಂತಾಗುವುದು. ಒಂದೇ ಸೂರಿನ ಕೆಳಗಿನ ಎರಡು ಕಾಲಗಳು ಒಂದರ ಮಾತನ್ನೊಂದು ಕೇಳಿದಂತೆಯೂ ಆಗುವುದು.