ಕಂಚಿನ ಕಂಠಕ್ಕೆ ಕಂಚೆಲ್ಲಿಂದ?

ಶಿವಮೊಗ್ಗದಲ್ಲಿ ಯಾರಾದರೂ ‘ಮಗಳು ಗಮಕ ಕಲೀತಿದ್ದಾಳೆ’ ಎಂದರೆ, ಯಾವ ಗಮಕ ಎಂದು ಮತ್ತೆ ಕೇಳಬೇಕಾಗುತ್ತದೆ. ನಗರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ತುಂಗೆಯ ದಡದ ಹೊಸಹಳ್ಳಿಯಲ್ಲಿ ಗಮಕವೆಂದರೆ ಕಾವ್ಯವಾಚನ. ಒಬ್ಬರು ಕುಮಾರವ್ಯಾಸನ ಷಟ್ಪದಿಗಳನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಆ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಸಂಗೀತ ಪಾಠದ ಮನೆಗೆ ಬಂದರೆ ಅದೇ ಪದದ ಅರ್ಥ ಬೇರೆ: ಸ್ವರವನ್ನು ತೂಗುವ, ಜಾರಿಸುವ, ಅಲುಗಿಸುವ ಬಗೆ ಅದು. ಎರಡು ಗಮಕಗಳೂ ಹುಟ್ಟುವ ಜಾಗ ಮಾತ್ರ ಒಂದೇ. ಗಂಟಲ ಧ್ವನಿಪೆಟ್ಟಿಗೆಯೊಳಗೆ, ಹೆಚ್ಚುಕಡಿಮೆ ಹೆಬ್ಬೆರಳ ಉಗುರಿನಷ್ಟೇ ಉದ್ದದ ಎರಡು ಮಡಿಕೆಗಳಲ್ಲಿ.

ಈ ಮಡಿಕೆಗಳಿಗೆ ಕನ್ನಡದಲ್ಲಿ ಧ್ವನಿತಂತು ಎಂಬ ಹೆಸರು ನಿಂತುಬಿಟ್ಟಿದೆ. ಹೆಸರು ಕೇಳಿ ವೀಣೆಯ ತಂತಿಯನ್ನು ಕಲ್ಪಿಸಿಕೊಂಡರೆ ದಾರಿ ತಪ್ಪಿದಂತೆಯೇ. ಇವು ತೆಳುಪೊರೆ ಹೊದ್ದ ಸ್ನಾಯುವಿನ ಮಡಿಕೆಗಳು. ಉಸಿರಾಡುವಾಗ ಬಿಚ್ಚಿಕೊಂಡಿರುತ್ತವೆ, ಹಾಡಲು ಹೊರಟಾಗ ಹತ್ತಿರ ಬಂದು, ಕೆಳಗಿನಿಂದ ನುಗ್ಗುವ ಗಾಳಿಗೆ ತೆರೆದು ಮುಚ್ಚುತ್ತವೆ. ಈ ತೆರೆದು ಮುಚ್ಚುವ ವೇಗವೇ ನಮ್ಮ ಕಿವಿಗೆ ಸ್ವರದ ಎತ್ತರ.

ಶ್ರುತಿ ಎಂಬುದು ಇಲ್ಲಿಂದಲೇ ಶುರು. ಪಾಠದ ಮೊದಲ ದಿನ ಮೇಷ್ಟ್ರು ‘ನಿಂದು ಎಷ್ಟು ಮನೆ?’ ಎಂದು ಕೇಳುತ್ತಾರಲ್ಲ, ಆ ಮನೆಗಳು ಹಾರ್ಮೋನಿಯಂನ ಕೀಲಿಗಳು. ಗಂಡಸೊಬ್ಬ ಒಂದು ಮನೆ ಶ್ರುತಿಯಲ್ಲಿ ಮಧ್ಯ ಸ್ಥಾಯಿಯ ‘ಸ’ ಹಿಡಿದಾಗ ಅವನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 131 ಬಾರಿ ಬಡಿಯುತ್ತವೆ. ಐದು ಮನೆಯಲ್ಲಿ ಹಾಡುವ ಹೆಣ್ಣುಮಗಳ ‘ಸ’ಗೆ ಸುಮಾರು 196 ಬಾರಿ. ತಾರ ಸ್ಥಾಯಿಯ ‘ಸ’ ಎಂದರೆ ಈ ಲೆಕ್ಕ ಸರಿಯಾಗಿ ಎರಡರಷ್ಟು, ಮಂದ್ರ ಎಂದರೆ ಅರ್ಧ. ಗಂಡಸರ ತಂತುಗಳು ಉದ್ದ, ದಪ್ಪ, ಹಾಗಾಗಿ ನಿಧಾನ. ಶ್ರುತಿಯ ಮನೆ ಹೀಗೆ ಬಹುಪಾಲು ದೇಹದ ಅಳತೆಯಿಂದಲೇ ಗೊತ್ತಾಗುವಂಥದು. ಮೆಚ್ಚಿನ ಗಾಯಕರ ಮನೆಯಲ್ಲೇ ಹಾಡುತ್ತೇನೆಂದು ಹಟ ಹಿಡಿದು ಗಂಟಲು ಕಟ್ಟಿಸಿಕೊಳ್ಳುವವರು ಎಲ್ಲ ಊರಲ್ಲೂ ಸಿಗುತ್ತಾರೆ.

ಗಾಳಿಯ ಸಂಗತಿಗೆ ಭದ್ರಾವತಿಯೇ ಒಳ್ಳೆಯ ಉದಾಹರಣೆ. 1923ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗ ಊದುಕುಲುಮೆಗೆ ಕಲ್ಲಿದ್ದಲ ಬದಲು ಮಲೆನಾಡಿನ ಮರದ ಇದ್ದಿಲು ಹಾಕುತ್ತಿದ್ದರು. ಇದ್ದಿಲಿರಲಿ, ಕಲ್ಲಿದ್ದಲಿರಲಿ, ಕುಲುಮೆಗೆ ಗಾಳಿ ಒಂದೇ ಸಮನೆ ಹೋಗಬೇಕು. ಹಾಡಿಗೂ ಅಷ್ಟೇ. ‘ಹೊಟ್ಟೆಯಿಂದ ಹಾಡು’ ಎಂಬ ಮಾತನ್ನು ಕೇಳಿ ಕಲಿಯುವವರು ಹೊಟ್ಟೆ ಬಿಗಿದು ಕೂರುವುದುಂಟು. ಹೊಟ್ಟೆಯಲ್ಲಿ ಸ್ವರ ಹುಟ್ಟುವುದಿಲ್ಲ. ಎದೆಗೂಡಿನ ಕೆಳಗಿರುವ ವಪೆ ಎಂಬ ಸ್ನಾಯು ಕೆಳಕ್ಕೆ ಸರಿದು ಉಸಿರು ತುಂಬಿಕೊಂಡ ಮೇಲೆ, ಅದು ಒಮ್ಮೆಗೇ ನುಗ್ಗಿ ಬರದಂತೆ ಎಳೆ ಎಳೆಯಾಗಿ ಬಿಡುವುದೇ ಆ ಮಾತಿನ ಅರ್ಥ. ದಮ್ಮು ಸಾಲದೆ ಪಲ್ಲವಿಯ ಕೊನೆಯಲ್ಲಿ ಶ್ರುತಿ ಇಳಿಯುವುದು ಹಲವು ಸಲ ಕಿವಿಯ ತಪ್ಪಲ್ಲ, ಗಾಳಿಯ ಕೊರತೆ.

ತಂತುಗಳು ಹುಟ್ಟಿಸುವ ಸದ್ದು ಮಾತ್ರ ನೀರಸ, ಒಂದು ಗುಂಯ್‌ಗುಡುವಿಕೆ. ಅದಕ್ಕೆ ಬಣ್ಣ ಬರುವುದು ಗಂಟಲು, ಬಾಯಿಗಳ ಪೊಳ್ಳಿನಲ್ಲಿ. ಅಕಾರ ಸಾಧನೆಯಲ್ಲಿ ‘ಆ’ ಎನ್ನಿಸುವುದು ದವಡೆ ಇಳಿದು ಬಾಯಿ ಹಿಗ್ಗಲಿ ಎಂದೇ. ‘ಈ’ ಎಂದಾಗ ನಾಲಿಗೆ ಮೇಲೆದ್ದು ಪೊಳ್ಳಿನ ಆಕಾರವೇ ಬದಲಾಗುತ್ತದೆ. ತಾರ ಸ್ಥಾಯಿಯಲ್ಲಿ ‘ಈ’ಕಾರ ಹಿಡಿಯಲು ಕಷ್ಟಪಡುವ ಗಾಯಕಿಯರು ತಮಗರಿವಿಲ್ಲದೆ ಬಾಯಿ ತೆರೆಯುತ್ತಾರೆ, ಅಕ್ಷರ ಮಸುಕಾಗುತ್ತದೆ. ಸಾಹಿತ್ಯವೇ ಮುಖ್ಯವಾದ ಭಾವಗೀತೆಯಲ್ಲಿ ಇದು ಸಣ್ಣ ತೊಡಕಲ್ಲ.

ಇನ್ನು ಕಂಚಿನ ಕಂಠ. ಈ ಮಾತು ಕಿವಿಗೆ ಬಿದ್ದೊಡನೆ ಇಲ್ಲಿನವರಿಗೆ ಶಿವಮೊಗ್ಗ ಸುಬ್ಬಣ್ಣ ನೆನಪಾಗುತ್ತಾರೆ. ಹೊಸನಗರ ತಾಲ್ಲೂಕಿನ ನಗರದಲ್ಲಿ 1938ರಲ್ಲಿ ಹುಟ್ಟಿ, ವಕೀಲಿ ಮಾಡುತ್ತಲೇ ಹಾಡಿದ ಅವರಿಗೆ ‘ಕಾಡು ಕುದುರೆ’ ಚಿತ್ರದ ಹಾಡು 1978ರ ಸಾಲಿನ ರಾಷ್ಟ್ರಪ್ರಶಸ್ತಿ ತಂದಿತು. 2022ರ ಆಗಸ್ಟ್‌ನಲ್ಲಿ ತೀರಿಕೊಂಡರು. ದನಿಯ ಝೇಂಕಾರಕ್ಕೊಂದು ಭೌತಿಕ ಕಾರಣವನ್ನು ಸ್ವೀಡನ್ನಿನ ಧ್ವನಿ ಸಂಶೋಧಕ ಯೋಹಾನ್ ಸುಂಡ್‌ಬರ್ಗ್ ವಿವರಿಸಿದ್ದಾರೆ. ಪಳಗಿದ ಒಪೆರಾ ಗಾಯಕರು ಧ್ವನಿಪೆಟ್ಟಿಗೆಯ ಮೇಲಿನ ಕಿರುಜಾಗವನ್ನು ಕಿರಿದು ಮಾಡಿ, ಗಂಟಲನ್ನು ಹಿಗ್ಗಿಸುತ್ತಾರೆ. ಆಗ 3000 ಹರ್ಟ್ಸ್ ಸುತ್ತಮುತ್ತಲ ಕಂಪನಗಳು ಬಲಗೊಳ್ಳುತ್ತವೆ. ವಾದ್ಯವೃಂದದ ಸದ್ದು ಅಲ್ಲಿ ದುರ್ಬಲ, ಮನುಷ್ಯನ ಕಿವಿ ಅಲ್ಲಿ ಬಲು ಚುರುಕು. ಕಿರುಚದೆಯೇ ದನಿ ಎದ್ದು ಕೇಳುತ್ತದೆ.

ಮೈಕು ಬಂದ ಮೇಲೆ ಈ ಕಸರತ್ತಿನ ಅಗತ್ಯ ಕಡಿಮೆಯಾಯಿತು. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದ ಮೇಲೆ ಮೆಲುದನಿಯ ಗಾಯಕರೂ ಮಲೆನಾಡಿನ ಮನೆಮನೆ ತಲುಪಿದರು. ಸುಗಮ ಸಂಗೀತದ ಪಿಸುಮಾತಿನಂಥ ತಿರುವುಗಳು ಮೈಕಿನ ಕೊಡುಗೆಯೇ. ಸೆಕೆಂಡಿಗೆ 6,75,000 ಬಾರಿ ಕಂಪಿಸುವ ರೇಡಿಯೊ ಅಲೆಯ ಬೆನ್ನೇರಿ ಸೆಕೆಂಡಿಗೆ 200 ಬಾರಿ ಕಂಪಿಸುವ ದನಿ ಬರುತ್ತಿತ್ತು ಎಂಬುದು ಈಗಲೂ ಸೋಜಿಗ.

ಪಾಠದ ಮನೆಯ ಗಮಕಕ್ಕೆ ಮರಳಿದರೆ, ಒಂದು ಸ್ವರದಿಂದ ಇನ್ನೊಂದಕ್ಕೆ ನುಣ್ಣಗೆ ಸರಿದರೆ ಜಾರು. ಸ್ವರವನ್ನೇ ತೂಗಿದರೆ ಕಂಪಿತ. ಧ್ವನಿತಂತುಗಳನ್ನು ಎಳೆದು ಬಿಡುವ ಸ್ನಾಯುಗಳ ಕೆಲಸ ಎರಡೂ. ಪಾಶ್ಚಾತ್ಯರ ವೈಬ್ರೇಟೊ ಕೂಡ ಅಲುಗಾಟವೇ, ಸೆಕೆಂಡಿಗೆ 5ರಿಂದ 7 ಬಾರಿ. ಆದರೆ ಅದು ಸ್ವರಕ್ಕೆ ತೊಡಿಸಿದ ಒಡವೆ. ತೋಡಿಯ ಗಾಂಧಾರವನ್ನು ತೂಗದೆ ನೆಟ್ಟಗೆ ಹಿಡಿದರೆ ತೋಡಿಯೇ ಉಳಿಯುವುದಿಲ್ಲ. 13ನೇ ಶತಮಾನದಲ್ಲಿ ‘ಸಂಗೀತ ರತ್ನಾಕರ’ ಬರೆದ ಶಾರ್ಙ್ಗದೇವ ಇಂಥ 15 ಗಮಕಗಳನ್ನು ಹೆಸರಿಸಿದ್ದಾನೆ. ಹೊಸಹಳ್ಳಿಯ ಗಮಕಿಗಳು ಇವನ್ನೆಲ್ಲ ಹಿತಮಿತವಾಗಿ ಬಳಸುತ್ತಾರೆ. ತೂಗಾಟ ಹೆಚ್ಚಾದರೆ ಪದ್ಯದ ಮಾತು ಕೇಳಿಸದು.

ಕಳ್ಳದನಿ ಎಂಬ ಬೈಗುಳವನ್ನೂ ಮರೆಯುವಂತಿಲ್ಲ. ತುಂಬು ದನಿಯಲ್ಲಿ ಧ್ವನಿತಂತುಗಳು ದಪ್ಪವಾಗಿ ಪೂರ್ತಿ ಕೂಡುತ್ತವೆ. ಕಳ್ಳದನಿಯಲ್ಲಿ ಸೆಳೆದು ತೆಳುವಾಗಿ, ಅಂಚಷ್ಟೇ ಅದುರುತ್ತದೆ. ಸ್ವರ ಮೇಲೇರಿದರೂ ತಿರುಳಿರುವುದಿಲ್ಲ. ಯುರೋಪಿನಲ್ಲಿ ಇದನ್ನೇ ಫಾಲ್ಸೆಟೊ ಎಂದು ಕರೆದು ಸಾಧನೆ ಮಾಡುತ್ತಾರೆ. ನಮ್ಮಲ್ಲಿ ಕದ್ದವರ ಲೆಕ್ಕ.

ಕಛೇರಿಗೆ ಮೊದಲು ಬಾಯಲ್ಲಿಡುವ ಕಲ್ಲುಸಕ್ಕರೆ, ಮೆಣಸಿನಕಾಳು ಧ್ವನಿತಂತುಗಳನ್ನು ಮುಟ್ಟುವುದೇ ಇಲ್ಲ. ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಿ, ಎಲ್ಲವೂ ಅನ್ನನಾಳಕ್ಕೆ ಹೋಗುತ್ತದೆ. ಬಾಯಲ್ಲಿ ನೀರೂರಿ ಗಂಟಲು ಹಸಿಯಾಗುವುದೇ ಅವುಗಳ ಲಾಭ. ಕುಡಿದ ನೀರೂ ರಕ್ತದ ಮೂಲಕ ಸುತ್ತಿ ಬರಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಧ್ವನಿತಂತುಗಳನ್ನು ನೇರವಾಗಿ ತಲುಪುವ ತೇವ ಉಸಿರಿನೊಂದಿಗೆ ಒಳಹೋಗುವ ಹಬೆಯೊಂದೇ.